ದಿಬ್ಬದ ಮೇಲಿನ ಮಾತು

ಇದು ನಡೆದದ್ದನ್ನು ನಡೆದ ಹಾಗೆಯೇ ಹೇಳುವ ಕತೆ. ನನ್ನ ಬಾಯಿಂದ ಹೊರಡುವುದರಲ್ಲಿ ಅರ್ಧ ಬೇರೆಯವರ ದನಿ, ಇನ್ನರ್ಧ ಬೇರೆಯವರ ಸುದ್ದಿ ಎಂದು ಬಿಡಲ್‌ಟನ್ ಊರಿನಲ್ಲಿ ನನಗೊಂದು ಹೆಸರಿದೆ. ಅಂಪೈರ್‌ನಿಂದ ಹಿಡಿದು ಪಾದ್ರಿಯವರೆಗೆ ಯಾರ ಹಾಗೆ ಬೇಕಾದರೂ ಮಾತಾಡಬಲ್ಲೆ. ಆದರೆ ಈ ಕತೆಯಲ್ಲಿ ನಾನು ಬಹುಪಾಲು ಬಾಯಿ ಮುಚ್ಚಿಕೊಂಡೇ ಇದ್ದೆ. ಆದ್ದರಿಂದ ಧಾರಾಳವಾಗಿ ನಂಬಬಹುದು.

ಕತೆ ವೆಂಡೆಲ್ ಕ್ರೌಸ್‌ನದು. ಇಪ್ಪತ್ತೊಂದರ ಹುಡುಗ. ಹಗಲು ಸೂಪರ್‌ಮಾರ್ಕೆಟ್‌ನಲ್ಲಿ ಡಬ್ಬಿ ಜೋಡಿಸುತ್ತಿದ್ದ, ಸಂಜೆ ನಮ್ಮ ಜೊತೆ ಕೂತು ಟಗ್‌ಬೋಟ್ಸ್ ಆಟ ನೋಡುತ್ತಿದ್ದ, ಮನೆಗೆ ಹೋಗಿ ಬ್ಲಾಗ್ ಬರೆಯುತ್ತಿದ್ದ. ಟಗ್‌ಬೋಟ್ಸ್ ನಮ್ಮೂರ ಬೇಸ್‌ಬಾಲ್ ತಂಡ; ದೊಡ್ಡ ಲೀಗ್‌ಗೆ ಹತ್ತುವ ಹುಡುಗರೂ ಅಲ್ಲಿಂದ ಇಳಿಯುವ ಮುದುಕರೂ ಒಂದೇ ಮೆಟ್ಟಿಲ ಮೇಲೆ ಭುಜ ತಾಗಿಸುವ ಜಾಗ. ಬ್ಲಾಗಿನ ಹೆಸರು ‘ಬೇಸ್‌ನಲ್ಲೇ ಉಳಿದವರು’. ತುಂಬ ಅಂಕಿ, ಸ್ವಲ್ಪ ವಾಕ್ಯ. ಓದಲು ಕೂತರೆ ಬೇಸ್‌ಬಾಲ್‌ನಲ್ಲಿ ಇಷ್ಟೊಂದು ಬೇಸರ ಅಡಗಿತ್ತೇ ಎನ್ನಿಸಬೇಕು. ಖಾಯಂ ಓದುಗರೆಂದರೆ ಅವನ ತಾಯಿ, ನಾನು, ನಮ್ಮ ಸಾಲಿನ ಲೊರೆಟ್ಟಾ ಆಂಟಿ, ಮತ್ತೆ ನಾರ್ವೆ ದೇಶದಿಂದ ಯಾರೋ ಒಬ್ಬ. ಆತ ದಾರಿ ತಪ್ಪಿ ಬಂದವನೆಂದು ನನ್ನ ಅನುಮಾನ.

ಓದದೆ ಇದ್ದವರು ಒಬ್ಬರೇ, ಅವನ ಸೋದರಮಾವ ಓಟಿಸ್. ವೆಂಡೆಲ್ ಬರೆಯುತ್ತಿದ್ದದ್ದು ಮಾತ್ರ ಅವರಿಗಾಗಿಯೇ.

ಓಟಿಸ್ ಮಾವ ಒಂದು ಕಾಲದಲ್ಲಿ ಟಗ್‌ಬೋಟ್ಸ್‌ನ ಕ್ಯಾಚರ್. ಮುಖಕ್ಕೆ ಜಾಲರಿ ಕಟ್ಟಿಕೊಂಡು, ಬ್ಯಾಟ್ ಬೀಸುವವನ ಹಿಂದೆ ಕುಕ್ಕರಿಸಿ ಚೆಂಡು ಹಿಡಿಯುವ ಕೆಲಸ. ಬ್ಯಾಟಿಂಗ್ ಅಷ್ಟಕ್ಕಷ್ಟೆ. ಹೆಸರು ಬಂದದ್ದು ನಡಿಗೆಯಿಂದ. ಚೆಂಡು ಎಸೆಯುವ ಪಿಚರ್ ಕಷ್ಟದಲ್ಲಿದ್ದಾಗ ಮಾವ ಆಟ ನಿಲ್ಲಿಸಿ, ಮಂಡಿ ಉಜ್ಜಿಕೊಂಡು, ಅವನು ನಿಂತ ಮಣ್ಣಿನ ದಿಬ್ಬದ ಕಡೆಗೆ ಬಿಷಪ್ ಬಂದ ಹಾಗೆ ನಡೆದು ಬರುತ್ತಿದ್ದರಂತೆ. ದಿಬ್ಬ ಹತ್ತಿ, ಗ್ಲವ್ಸ್‌ನಿಂದ ಬಾಯಿ ಮುಚ್ಚಿಕೊಂಡು ಏನೋ ಒಂದು ಮಾತು ಹೇಳುತ್ತಿದ್ದರಂತೆ. ಪಿಚರ್ ತಲೆಯಾಡಿಸುತ್ತಿದ್ದ. ಇಡೀ ಮೈದಾನಕ್ಕೆ ಸಮಾಧಾನವಾಗುತ್ತಿತ್ತು. ಏನು ಹೇಳುತ್ತಿದ್ದರೆಂದು ಮಾತ್ರ ಅವರು ಅಲ್ಲಿಯವರೆಗೂ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ವೆಂಡೆಲ್ ಚಿಕ್ಕಂದಿನಿಂದ ಕೇಳಿದ್ದೇ ಕೇಳಿದ್ದು.

“ಅದು ದಿಬ್ಬದ ಗುಟ್ಟು ಕಣೋ ಅಳಿಯ.”

ಗುಟ್ಟು ಹೇಳದಿದ್ದರೆ ಕೆಲವು ಮಕ್ಕಳು ಮರೆಯುತ್ತಾರೆ, ಕೆಲವರು ಲೆಕ್ಕ ಹಾಕಲು ಕೂರುತ್ತಾರೆ. ವೆಂಡೆಲ್ ವರ್ಷಗಟ್ಟಲೆ ಕೂತು, ಯಾವ ಕ್ಯಾಚರ್ ಯಾವಾಗ ದಿಬ್ಬಕ್ಕೆ ಹೋದ, ಹೋಗಿ ಬಂದ ಮೇಲೆ ಪಿಚರ್ ಏನು ಕಡಿದು ಹಾಕಿದ ಎಂದೆಲ್ಲ ಸೇರಿಸುತ್ತಾ ಹೋದ. ಆ ಬೇಸಿಗೆಯಲ್ಲಿ ಫಲಿತಾಂಶ ಪ್ರಕಟಿಸಿದ: ದಿಬ್ಬದ ಮೇಲೆ ಮಾತಾಡಿದರೂ ಅಷ್ಟೇ, ಆಡದಿದ್ದರೂ ಅಷ್ಟೇ. ಮಾತಿನಿಂದ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ನಾರ್ವೆಯವನು ಅದನ್ನು ಯಾರಿಗೆ ತೋರಿಸಿದನೋ ಕಾಣೆ. ಹದಿನೈದು ದಿನದಲ್ಲಿ ಚಿಕಾಗೋದ ದೊಡ್ಡ ಪತ್ರಿಕೆಯ ಅಂಕಣಕಾರನೊಬ್ಬ ವೆಂಡೆಲ್‌ನ ಹೆಸರು ಹಾಕಿ ಅರ್ಧ ಕಾಲಂ ಬರೆದ. ರೇಡಿಯೋದಲ್ಲಿ ಎರಡು ಗುಂಪಾಗಿ ಜಗಳವಾಡಿದರು. ದೊಡ್ಡ ಲೀಗಿನ ತರಬೇತುದಾರರೊಬ್ಬರು ಈ ಬಗ್ಗೆ ಕೊಟ್ಟ ಉತ್ತರವನ್ನು ಟಿವಿಯವರು ಪೂರ್ತಿ ಕೇಳಿಸಲಾಗದೆ ಕೊಯ್ಯ್ ಎನ್ನಿಸಿದರು. ಬುಧವಾರ, ಆ ಪತ್ರಿಕೆಯ ಸಂಪಾದಕರೇ ಫೋನ್ ಮಾಡಿ, ವಾರಕ್ಕೊಂದು ಅಂಕಣ ಬರೆಯುತ್ತೀಯಾ, ಭಾನುವಾರ ಮಧ್ಯಾಹ್ನ ಮತ್ತೆ ಮಾಡುತ್ತೇನೆ, ಯೋಚಿಸಿಡು ಎಂದರು.

ಇಷ್ಟೆಲ್ಲ ನಮಗೆ ಗೊತ್ತಾದದ್ದು ವೆಂಡೆಲ್‌ನಿಂದಲ್ಲ. ಅವನ ತಾಯಿ ಅಣ್ಣನಿಗೆ ಫೋನ್ ಮಾಡಿದ್ದಳು. ಗುರುವಾರ ಸಂಜೆ ಹುಡುಗ ಬರುವ ಮೊದಲೇ ಓಟಿಸ್ ಮಾವ ನಮ್ಮ ಬೆಂಚಿನಲ್ಲಿ ಸಭೆ ಕರೆದರು.

“ಹುಡುಗನ ಮೊದಲ ಹೋಂ ರನ್ ಇದು. ಸಂಪ್ರದಾಯ ಏನು?”

ಲೊರೆಟ್ಟಾ ಆಂಟಿ ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು; ನಿಯಮವೆಂದರೆ ಪ್ರಾಣ. “ಮೌನ” ಎಂದರು.

ಹೊಸ ಹುಡುಗ ಮೊದಲ ಸಲ ಚೆಂಡನ್ನು ಬೇಲಿಯಾಚೆ ಹೊಡೆದು ಕುಣಿಯುತ್ತಾ ತನ್ನವರು ಕೂರುವ ಡಗ್‌ಔಟ್‌ಗೆ ಬಂದರೆ, ಅಲ್ಲಿ ಒಬ್ಬನೂ ಅವನ ಕಡೆ ನೋಡುವುದಿಲ್ಲ. ಒಬ್ಬ ಸೂರ್ಯಕಾಂತಿ ಬೀಜ ಉಗುಳುತ್ತಾನೆ, ಇನ್ನೊಬ್ಬ ಶೂ ಲೇಸು ಕಟ್ಟುತ್ತಾನೆ, ಉಳಿದವರು ಮೈದಾನದಲ್ಲಿ ಹುಲ್ಲು ಬೆಳೆಯುವುದನ್ನು ನೋಡುತ್ತಾರೆ. ಪಾಪದವನು ಪೆಚ್ಚಾಗಿ ಹೆಲ್ಮೆಟ್ ತೆಗೆದು ಕೂತ ಮೇಲೆ ಎಲ್ಲರೂ ಒಟ್ಟಿಗೆ ಅವನ ಮೇಲೆ ಬೀಳುತ್ತಾರೆ.

“ನಾವು ಎಷ್ಟು ಹೊತ್ತು ಸುಮ್ನಿರ್ಬೇಕು?” ಎಂದೆ. ನನ್ನ ಕಷ್ಟ ನನಗೆ.

“ಅವನು ಟೋಪಿ ತೆಗೆದು ಕೂರೋತನಕ” ಎಂದರು ಮಾವ.

ಯೋಜನೆಯ ಒಡಕು ಅಲ್ಲೇ ಇತ್ತು. ವೆಂಡೆಲ್ ಟೋಪಿ ತೆಗೆಯುವವನಲ್ಲ. ಚರ್ಚ್‌ನಲ್ಲಿ ತೆಗೆಸಲು ಪಾದ್ರಿಗಳಿಗೇ ಆಗಿರಲಿಲ್ಲ.

ಅವನು ಬಂದ. ಕಂಕುಳಲ್ಲಿ ಚಿಕಾಗೋ ಪತ್ರಿಕೆ, ತನ್ನ ಹೆಸರಿದ್ದ ಪುಟ ಹೊರಗೆ ಬರುವ ಹಾಗೆ ಮಡಚಿದ್ದು. ಬೆಂಚಿನ ಮೇಲೆ, ನಮ್ಮೆಲ್ಲರಿಗೂ ಕಾಣುವಲ್ಲಿ ಇಟ್ಟ. ಲೊರೆಟ್ಟಾ ಆಂಟಿ “ಬೆಂಚು ಒದ್ದೆಯಿದೆ” ಎಂದು ಅದರ ಮೇಲೆ ಕೂತರು.

“ಚಿಕಾಗೋದಲ್ಲಿ ಸೆಖೆಯಂತೆ” ಎಂದ ವೆಂಡೆಲ್. “ಪೇಪರಲ್ಲಿ ಓದಿದೆ.”

“ಹೌದಾ” ಎಂದರು ಮಾವ. “ಹವಾಮಾನದ ಪುಟ ಚೆನ್ನಾಗಿ ಬರ್ತದೆ ಅದ್ರಲ್ಲಿ.”

“ಬೇರೆ ಪುಟಾನೂ ಚೆನ್ನಾಗಿರ್ತವೆ.”

“ಹಾಟ್‌ಡಾಗ್‌ಗೆ ಈ ಸಲ ಬೇರೆ ಸಾಸಿವೆ ಸಾಸ್ ಹಾಕಿದಾರೆ. ನಿಂಗೇನನ್ಸುತ್ತೆ ಲೊರೆಟ್ಟಾ?”

“ಹಳೇದೇ ಖಾರ ಇತ್ತು” ಎಂದರು ಆಂಟಿ. ಸಾಸಿವೆಯ ಮೇಲೆ ನಾವು ಎರಡು ಇನಿಂಗ್ ಕಳೆದೆವು. ನಾಲಿಗೆ ತುದಿಗೆ ಬಂದದ್ದನ್ನೆಲ್ಲ ಹಾಟ್‌ಡಾಗ್ ಜೊತೆ ನುಂಗಿ ನುಂಗಿ ನನಗೆ ಹೊಟ್ಟೆ ಕೆಟ್ಟಿತು.

ಶುಕ್ರವಾರವೂ ಹೀಗೇ. ನನಗೆ ತಮಾಷೆ ಕಡಿಮೆಯಾಗುತ್ತಾ ಬಂತು. ಆಟದ ಮೇಲೆ ಇರುವ ಅಂಕಿಯೆಲ್ಲ ಬಲ್ಲ ಹುಡುಗನಿಗೆ ಆಟದ ಈ ಹಳೇ ಕೀಟಲೆ ಗೊತ್ತಾಗಬೇಡವೆ? ಗೊತ್ತಾಗಲಿಲ್ಲ. ಹೋಂ ರನ್ ಹೊಡೆಯುವುದು ಬೇರೆಯವರ ಕೆಲಸ, ಎಣಿಸುವುದು ತನ್ನದು ಎಂದುಕೊಂಡವನು ಅವನು. ಇತ್ತ ಮಾವನ ಮುಖ ನೋಡಿದರೆ ಇದು ಕೀಟಲೆಯೋ ನಿಜವಾದ ಸಿಟ್ಟೋ ಎಂದು ನನಗೇ ತಿಳಿಯುತ್ತಿರಲಿಲ್ಲ. ಕ್ಯಾಚರ್‌ನ ಮುಖ, ಅರ್ಧ ಆಯುಷ್ಯ ಜಾಲರಿಯ ಹಿಂದೆ ಇದ್ದದ್ದು.

ಶನಿವಾರ ಹಾಟ್‌ಡಾಗ್ ಸಾಲಿನಲ್ಲಿ ವೆಂಡೆಲ್ ನನ್ನ ತೋಳು ಹಿಡಿದ.

“ಕ್ಲೈಡ್, ನಿಜ ಹೇಳೋ. ಚಿಕಾಗೋದಿಂದ ಫೋನ್ ಮಾಡಿದ್ದು ನೀನೇನಾ?”

“ಯಾವ ಚಿಕಾಗೋ?”

“ಹೋದ ವರ್ಷ ಅಂಚೆ ಇಲಾಖೆಯವನ ಹಾಗೆ ಮಾತಾಡಿ, ನಮ್ಮನೆ ಟಪಾಲು ಡಬ್ಬಕ್ಕೆ ಹಸಿರು ಬಣ್ಣ ಹೊಡೆಸಿದ್ದೆ.”

“ಬಣ್ಣ ಒಪ್ಪಿತ್ತು ಕಣೋ.”

“ಹೋಗ್ಲಿ ಬಿಡು. ನೀನಾದ್ರೂ ಸರಿ, ಅವ್ರಾದ್ರೂ ಸರಿ. ನಾಳೆ ಫೋನ್ ಬಂದ್ರೆ ಬೇಡ ಅಂತೀನಿ.”

“ಯಾಕೆ?”

“ಮಾವ ನನ್ನ ಮುಖ ನೋಡ್ತಿಲ್ಲ. ಅವರು ಜನ್ಮ ಇಡೀ ಮಾಡಿದ್ದು ಸೊನ್ನೆ ಅಂತ ನಾನೇ ಪೇಪರಲ್ಲಿ ಹಾಕಿಸ್ದೆ. ಇನ್ನು ವಾರವಾರ ಬೇರೆ ಹಾಕಿಸ್ಲಾ?”

ಮಾತಿನಿಂದ ಏನೂ ವ್ಯತ್ಯಾಸವಿಲ್ಲ ಎಂದು ಜಗತ್ತಿಗೆ ಸಾಧಿಸಿ ತೋರಿಸಿದವನು, ಒಬ್ಬರು ಒಂದು ಮಾತಾಡಲಿಲ್ಲವೆಂದು ಅಳುವ ಹಾಗಿದ್ದ. ನನ್ನ ಹಾಟ್‌ಡಾಗ್ ಅಲ್ಲೇ ಬಿಟ್ಟು ಮಾವನ ಹತ್ತಿರ ಓಡಿದೆ.

“ಮಾವ, ಸಾಕು ನಿಲ್ಸಿ. ಹುಡುಗ ಅಂಕಣ ಬೇಡ ಅಂತಾನೆ.”

“ಟೋಪಿ ತೆಗೆದ್ನಾ?”

“ಇಲ್ಲ.”

“ಮತ್ತೆ?”

“ನಿಮಗೆ ನಿಜವಾಗ್ಲೂ ಸಿಟ್ಟಾ?”

ಮಾವ ಬೀಜ ಉಗುಳಿದರು. “ನಾನು ಮೊದಲ ಹೋಂ ರನ್ ಹೊಡೆದಾಗ ನಮ್ಮ ಹುಡುಗರು ಇಡೀ ಇನಿಂಗ್ ಮಾತಾಡ್ಲಿಲ್ಲ. ಬ್ಯಾಟ್ ಬಿಸಾಕಿ ಮನೆಗೆ ಹೋಗೋಣ ಅನ್ನಿಸ್ತು. ಆಮೇಲೆ ತಿಳೀತು. ಅಷ್ಟು ಮಂದಿ ಅಷ್ಟು ಹೊತ್ತು ಬಾಯಿ ಕಟ್ಕೊಂಡಿದ್ದು ನನಗೋಸ್ಕರ. ಹೊರಗಿನವನಿಗೆ ಯಾರಪ್ಪಾ ಇಷ್ಟು ಕಷ್ಟ ಪಡ್ತಾರೆ?”

“ಅವನಿಗೆ ಗೊತ್ತಾಗ್ದಿದ್ರೆ?”

“ಅವನಿಗೆ ಆಟ ಗೊತ್ತು ಅಂತ ಚಿಕಾಗೋದವ್ರೇ ಹೇಳ್ತಿದಾರಲ್ಲ.”

ಭಾನುವಾರ ಮಧ್ಯಾಹ್ನ. ವೆಂಡೆಲ್ ಬೆಂಚಿನ ತುದಿಯಲ್ಲಿ, ಫೋನನ್ನು ಬಿಸಿ ಆಲೂಗಡ್ಡೆಯ ಹಾಗೆ ಕೈಯಿಂದ ಕೈಗೆ ಬದಲಾಯಿಸುತ್ತಾ ಕೂತಿದ್ದ. ನಾಲ್ಕನೇ ಇನಿಂಗ್‌ನಲ್ಲಿ ನಮ್ಮ ತಂಡದ ಪೆಗೆರೋ, ಗಾಳಿ ಬಂದರೆ ಹಾರಿಹೋಗುವಂಥ ಕಡ್ಡಿ ಹುಡುಗ, ಅಲ್ಲಿಯವರೆಗೆ ಬೇಲಿಯನ್ನು ಹತ್ತಿರದಿಂದ ನೋಡದವನು, ಕಣ್ಣು ಮುಚ್ಚಿ ಬೀಸಿದ. ಚೆಂಡು ಬೇಲಿ ದಾಟಿ ಕಾರು ನಿಲ್ಲಿಸುವ ಜಾಗಕ್ಕೆ ಬಿತ್ತು. ಗಾಜು ಒಡೆದ ಸದ್ದಾಯಿತು. ಹುಡುಗ ನಾಲ್ಕು ಬೇಸ್ ಸುತ್ತಿ, ಎರಡೂ ಕೈ ಚಾಚಿಕೊಂಡು ಡಗ್‌ಔಟ್‌ಗೆ ನುಗ್ಗಿದ. ಅಲ್ಲಿ ಎಲ್ಲರೂ ಹುಲ್ಲು ನೋಡುತ್ತಿದ್ದರು. ಪೆಗೆರೋ ಒಂದು ಕ್ಷಣ ನಿಂತ. ಆಮೇಲೆ ಸಾಲುದ್ದಕ್ಕೂ ನಡೆಯುತ್ತಾ ಇಲ್ಲದ ಕೈಗಳಿಗೆ ತನ್ನ ಕೈ ತಟ್ಟಿದ. ಗಾಳಿಗೆ ಅಭಿನಂದನೆ ಹೇಳಿದ.

ಎಷ್ಟೇ ದುಃಖವಿದ್ದರೂ ವಿವರಿಸದೆ ಇರಲು ವೆಂಡೆಲ್‌ಗೆ ಆಗದು. “ನೋಡಿ ಆಂಟಿ, ಇದು ಹಳೇ ಸಂಪ್ರದಾಯ. ಮೊದಲ ಹೋಂ ರನ್ ಹೊಡೆದವನನ್ನ ಎಲ್ರೂ ಬೇಕಂತ್ಲೇ...”

ಅಲ್ಲಿಗೆ ನಿಂತ.

ಲೊರೆಟ್ಟಾ ಆಂಟಿ ಬಗ್ಗಿ, ಲೇಸೇ ಇಲ್ಲದ ಚಪ್ಪಲಿಗೆ ಲೇಸು ಕಟ್ಟುತ್ತಿದ್ದರು. ಮಾವ ಮೈದಾನದ ಆಚೆಯ ನೀರಿನ ಟ್ಯಾಂಕನ್ನು ಈಗಷ್ಟೇ ಕಟ್ಟಿದರೇನೋ ಎಂಬಂತೆ ನೋಡುತ್ತಿದ್ದರು. ನಾನು ಬೀಜ ಉಗುಳುತ್ತಿದ್ದೆ. ನನ್ನ ಬಾಯಲ್ಲಿ ಬೀಜವೇ ಇರಲಿಲ್ಲ.

ವೆಂಡೆಲ್ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದ. ಎದ್ದ. ಮೆಟ್ಟಿಲ ಮೇಲಕ್ಕೆ ಹೋದ. ಎದ್ದು ಹೋಗಿಯೇಬಿಟ್ಟ ಎಂದುಕೊಂಡೆ. ಮೇಲಿನಿಂದ ದಡದಡ ಓಡಿ ಇಳಿದ, ಎರಡೂ ಕೈ ಮೇಲೆತ್ತಿ. ಆಂಟಿಯ ಮುಂದೆ ಗಾಳಿಗೊಂದು ತಟ್ಟು. ನನ್ನ ಮುಂದೆ ಒಂದು. ಮಾವನ ಮುಂದೆ ಬಹಳ ಹೊತ್ತು ನಿಂತು, ಗೌರವದಿಂದ, ಎರಡು. ಆಮೇಲೆ ತನ್ನ ಜಾಗದಲ್ಲಿ ಕೂತು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಟೋಪಿಯ ಕೆಳಗಿನ ಕೂದಲನ್ನು ಊರವರು ನೋಡಿದ್ದು ಅದೇ ಮೊದಲು.

ನಾವು ಮೇಲೆ ಬಿದ್ದೆವು. ಆಂಟಿ ಪಾಪ್‌ಕಾರ್ನ್ ಬಕೆಟ್ಟನ್ನು ತಲೆಗೆ ಸುರಿದರು. ಮೂರು ದಿನದಿಂದ ಕಟ್ಟಿಟ್ಟಿದ್ದ ಮಾತನ್ನೆಲ್ಲ ನಾನು ಅಂಪೈರ್, ಪಾದ್ರಿ, ರೇಡಿಯೋದವನು, ಮೂವರ ದನಿಯಲ್ಲಿ ಒಟ್ಟಿಗೆ ಆಡಿದೆ.

ಓಟಿಸ್ ಮಾವ ಮಾತ್ರ ಎದ್ದು, ಮಂಡಿ ಉಜ್ಜಿಕೊಂಡು, ನಿಧಾನವಾಗಿ ಬಿಷಪ್ ಬಂದ ಹಾಗೆ ಅಳಿಯನ ಹತ್ತಿರ ಬಂದರು. ಟೋಪಿಯಿಂದ ಬಾಯಿ ಮುಚ್ಚಿಕೊಂಡರು. ಮೂರು ಸಾಲಿಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದರು:

“ಇವತ್ತು ರಾತ್ರಿ ಊಟಕ್ಕೆ ಏನು?”

“ಏನು ಮಾವ?”

“ಅದೇ ಕಣೋ ದಿಬ್ಬದ ಗುಟ್ಟು. ನಾನು ಯಾವಾಗ್ಲೂ ಕೇಳ್ತಿದ್ದಿದ್ದು ಅದೊಂದೇ. ಪಿಚರ್ ‘ಮೀಟ್‌ಲೋಫ್’ ಅನ್ನೋನು, ನಾನು ‘ಸರಿ’ ಅಂತ ವಾಪಸ್ ಬರೋನು. ನಿನ್ನ ಲೆಕ್ಕ ಸರಿಯಾಗಿದೆ ಅಳಿಯ. ಎರಡು ಸಲ ಓದಿದೆ. ಒಂದು ಅಂಕಿಯೂ ತಪ್ಪಿಲ್ಲ.”

ಆಗ ಶುರುವಾಯಿತು ವೆಂಡೆಲ್‌ನ ನಗು. ಮೊದಲು ಸದ್ದಿಲ್ಲದೆ ಭುಜ ಕುಣಿಯಿತು, ಆಮೇಲೆ ಬೆಂಚು ಅಲ್ಲಾಡಿತು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅವನು ನೋಡಿದ, ಚಿಕಾಗೋದ ನಂಬರೆಂದು ನನಗೆ ತೋರಿಸಿದ, ಬಾಯಿ ತೆರೆದ. ನಗುವಲ್ಲದೆ ಬೇರೇನೂ ಬರಲಿಲ್ಲ. ಹೌದೆಂದು ಜೋರಾಗಿ ತಲೆಯಾಡಿಸಿ ಫೋನನ್ನು ನನ್ನ ಕೈಗೆ ತುರುಕಿದ.

ನಾನು ಮೂಗಿಗೆ ಸ್ವಲ್ಪ ನೆಗಡಿ ತಂದುಕೊಂಡು ವೆಂಡೆಲ್ ಆದೆ. “ಹಲೋ. ಹೌದು ಸಾರ್, ಯೋಚನೆ ಮಾಡ್ದೆ. ಆಗ್ಲಿ, ಬರೀತೀನಿ.”

“ಒಳ್ಳೇದು” ಎಂದರು ಚಿಕಾಗೋದ ಸಂಪಾದಕರು. “ಏನಪ್ಪಾ ಅಲ್ಲಿ ಅಷ್ಟು ಗಲಾಟೆ? ಎಲ್ಲರಿಗಿಂತ ಜೋರಾಗಿ ನಗ್ತಿರೋದು ಯಾರು?”

“ಅದಾ?” ಎಂದೆ. “ಅದು ನಾನೇ ಸಾರ್.”