ಎಫ್ ಫೈವ್ ಒತ್ತಿದ ಮುಖ

ಮೌಸ್ ಹಿಡಿದು ಕೆಲಸ ಮಾಡುವವರನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಅವರು ಒಂದು ಮೆನು ತೆರೆದು, ಅದರೊಳಗೆ ಇನ್ನೊಂದು ತೆರೆದು, ಬಾಣದ ಗುರುತನ್ನು ಅಂಬೆಗಾಲಿಡಿಸಿಕೊಂಡು ಹೋಗುವಷ್ಟರಲ್ಲಿ ನಾನು ಇಬ್ಬರು ಗಿರಾಕಿಗಳನ್ನು ಸಾಗಹಾಕಿರುತ್ತೇನೆ. ನಮ್ಮ ಫೋಟೋ ಸ್ಟುಡಿಯೋದ ಓನರು ನನಗೆ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ. ಕಾಪಿಗೆ ಕಂಟ್ರೋಲ್ ಸಿ, ಅಂಟಿಸುವುದಕ್ಕೆ ಕಂಟ್ರೋಲ್ ವಿ, ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ನನ್ನದು ಅದರ ಮುಂದಿನ ಪಾಠ. ಫೋಟೋ ತಿದ್ದುವ ಪ್ರೋಗ್ರಾಮಿಗೆ ಒಂದರ ಹಿಂದೊಂದು ಕೆಲಸವನ್ನು ಒಮ್ಮೆ ಮಾಡಿ ತೋರಿಸಿದರೆ ಅಷ್ಟನ್ನೂ ಒಂದೇ ಕೀಗೆ ಕಟ್ಟಿಬಿಡಬಹುದು. ನಾನು ಎಫ್ ಫೈವ್‌ಗೆ ಕಟ್ಟಿದ್ದೆ. ಅದನ್ನು ಒತ್ತಿದರೆ ಸಾಕು, ಮುಖದ ಕಲೆ ಮಾಯವಾಗುತ್ತದೆ, ಸುಕ್ಕು ಇಳಿಯುತ್ತದೆ, ಬಣ್ಣ ತಿಳಿಯಾಗುತ್ತದೆ, ಚಿತ್ರ ಪಾಸ್‌ಪೋರ್ಟ್ ಅಳತೆಗೆ ಬಂದು ಹಳೆಯದರ ಮೇಲೇ ಸೇವ್ ಆಗುತ್ತದೆ. ಗಿರಾಕಿ ಬಾಚಣಿಗೆಯನ್ನು ಕನ್ನಡಿಯ ಕೆಳಗೆ ಇಡುವಷ್ಟರಲ್ಲಿ ಪ್ರಿಂಟು ಕೈಗೆ. ನನ್ನ ಕಲೆ ಎಲ್ಲಿ ಹೋಯಿತು ಎಂದು ಇವತ್ತಿನವರೆಗೆ ಯಾರೂ ಜಗಳಕ್ಕೆ ಬಂದಿಲ್ಲ.

ಮನೆಯಲ್ಲೂ ನಾನು ಹಾಗೇ. ಕುಕ್ಕರ್ ಕೂಗುವ ಮೊದಲೇ ತಟ್ಟೆ ಇಟ್ಟಿರುತ್ತೇನೆ, ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟಿರುತ್ತೇನೆ. ನನ್ನ ಕೈಗೆ ಸಿಗದೆ ಉಳಿದಿದ್ದವರು ಮಾವ ಒಬ್ಬರೇ. ಅವರು ಬಡಗಿ. ಇಡೀ ಆಯುಷ್ಯ ಮರಕ್ಕೆ ಉಜ್ಜುಗೊರಡು ಹಿಡಿದ ಮನುಷ್ಯ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಹಾಗೇ, ಉಜ್ಜಿ ಉಜ್ಜಿ ಮಾಡುತ್ತಿದ್ದರು. ಈಚೆಗೆ ಮರೆವು ಹೆಚ್ಚಾಗಿತ್ತು. ಕೆಲವು ದಿನ ನನ್ನನ್ನು ಯಾರು ಎಂದು ಕೇಳುತ್ತಿದ್ದರು. ಸೊಸೆ ಎಂದರೆ, ಹೌದಾ, ಒಳ್ಳೆಯದಾಯಿತು ಎನ್ನುತ್ತಿದ್ದರು. ಅದಕ್ಕೆ ನಗಬೇಕೋ ಅಳಬೇಕೋ ಎಂದು ಯೋಚಿಸುವಷ್ಟು ಪುರುಸೊತ್ತು ನನಗೆ ಇರಲಿಲ್ಲ.

ಆ ದಿನ ಸ್ಟುಡಿಯೋದ ಶಟರ್ ಅರ್ಧ ಎತ್ತಿದ್ದಾಗಲೇ ಇವರ ಫೋನ್ ಬಂತು. ಅತ್ತೆ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಮಾವ ಬಾಗಿಲು ತೆಗೆದುಕೊಂಡು ಹೊರಟುಹೋಗಿದ್ದರು. ತಿಂಡಿ ತಿಂದಿರಲಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ಮೇಜಿನ ಮೇಲೇ ಇತ್ತು. ಹೊಟ್ಟೆಗಿಲ್ಲದೆ ಬಿಸಿಲಲ್ಲಿ ಅಲೆದರೆ ಎಲ್ಲೋ ಒಂದು ಕಡೆ ಬಿದ್ದುಬಿಡುತ್ತಾರೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಇವರು ಬೀದಿ ಬೀದಿ ಸುತ್ತಿ, ಪೊಲೀಸ್ ಠಾಣೆಯಲ್ಲಿ ಬರೆಸಿ, ಈಗ ನನ್ನ ಹತ್ತಿರ ಬರುತ್ತಿದ್ದರು. ಪೋಸ್ಟರು ಬೇಕು, ಬೇಗ ಬೇಕು. ಊರಿನಲ್ಲಿ ನನಗಿಂತ ಬೇಗ ಅದನ್ನು ಮಾಡುವವರು ಯಾರಿದ್ದಾರೆ?

ಮಾವನ ಫೋಟೋಗಳಿಗೇ ಬರ. ಯಾರಾದರೂ ಫೋನ್ ಎತ್ತಿದರೆ ಸಾಕು, ಮುಖ ತಿರುಗಿಸಿಬಿಡುವವರು. ಇದ್ದದ್ದರಲ್ಲಿ ಒಂದರಲ್ಲಿ ಕಿವಿ ಮಾತ್ರ, ಇನ್ನೊಂದರಲ್ಲಿ ಅಡ್ಡ ಹಿಡಿದ ಅಂಗೈ, ಆಧಾರ್ ಕಾರ್ಡಿನದು ಮಸಿ ಮೆತ್ತಿದ ಹಾಗೆ. ನೆಟ್ಟಗೆ ಇದ್ದದ್ದು ಒಂದೇ, ಬಸ್ಸಿನ ಹಿರಿಯರ ಕಾರ್ಡಿಗೆಂದು ಹೋದ ವರ್ಷ ನಾನೇ ಸ್ಟುಡಿಯೋದಲ್ಲಿ ಕೂರಿಸಿ ತೆಗೆದದ್ದು. ಅದನ್ನು ತೆರೆದೆ. ತೆರೆದದ್ದೇ ಎಡಗೈ ತಾನಾಗಿ ಎಫ್ ಫೈವ್ ಒತ್ತಿತು. ನಾನು ಆಗ ಮುಖ ನೋಡುತ್ತಿರಲಿಲ್ಲ. ಮೇಲೆ ದಪ್ಪಕ್ಷರದಲ್ಲಿ ‘ಕಾಣೆಯಾಗಿದ್ದಾರೆ’ ಎಂದು ಬರೆದು, ಕೆಳಗೆ ವಯಸ್ಸು, ಎತ್ತರ, ಬಿಳಿ ಅಂಗಿ, ನನ್ನ ನಂಬರು, ಇವರ ನಂಬರು ಎಂದು ಕುಟ್ಟುತ್ತಿದ್ದೆ. ಕಂಟ್ರೋಲ್ ಪಿ. ಮಷಿನ್ನು ಬಿಸಿಬಿಸಿ ಕಾಗದ ಉಗುಳಿತು. ಇವರು ಓಡಿ ಬಂದವರು ಕಟ್ಟು ಎತ್ತಿಕೊಂಡು, ಗೆಳೆಯರ ಗಾಡಿಗಳಿಗೆ ಹಂಚಿ, ಮೇಲಿನ ಹಾಳೆಯ ಕಡೆ ಕಣ್ಣೂ ಹಾಯಿಸದೆ ಹೊರಟುಹೋದರು. ಏನೋ ದೊಡ್ಡ ಕೆಲಸ ಮಾಡಿದೆ ಎನ್ನಿಸಿ ಸ್ವಲ್ಪ ಹೊತ್ತು ನನ್ನ ಎದೆ ಹಗುರಾಯಿತು.

ಅದಾದ ಮೇಲೆ ಶುರುವಾಯಿತು ಕಾಯುವುದು. ನನಗೆ ಬಾರದ ಕೆಲಸ ಅದೊಂದೇ. ಕೂತರೆ ಕಾಲು ಅಲುಗುತ್ತದೆ, ನಿಂತರೆ ಬಾಗಿಲ ತನಕ ಹೋಗಿ ಬರುತ್ತೇನೆ. ಫೋನು ಸುಮ್ಮನಿದ್ದರೆ ಸಿಟ್ಟು, ಬಡಿದುಕೊಂಡರೆ ಜೀವ ಬಾಯಿಗೆ ಬರುತ್ತದೆ. ಬಂದ ಕರೆಗಳೆಲ್ಲ ಸಿಕ್ಕರಾ, ಸಿಕ್ಕರಾ ಎಂದು ವಿಚಾರಿಸುವ ನೆಂಟರವು. ಇನ್ನೂ ಇಲ್ಲ ಎಂದು ಪಟಕ್ಕನೆ ಇಡುತ್ತಿದ್ದೆ. ಓನರು ಮನೆಗೆ ಹೋಗು ಎಂದರು. ಮನೆಯಲ್ಲಿ ಮಾಡುವುದೇನು? ಇಲ್ಲಾದರೆ ಪ್ರಿಂಟರ್ ಇದೆ ಎಂದೆ. ಬಂದ ಗಿರಾಕಿಗಳ ಮುಖಗಳನ್ನು ಎಫ್ ಫೈವ್ ಒತ್ತಿ ಒತ್ತಿ ಕಳಿಸಿದೆ. ಅದಾದರೂ ಕೈಗೆ ಕೆಲಸ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅತ್ತೆ ನಡೆದುಕೊಂಡೇ ಬಂದುಬಿಟ್ಟರು. ಪಕ್ಕದ ಮನೆಯವರನ್ನು ಬಾಗಿಲಲ್ಲಿ ಕೂರಿಸಿ, ತಿಂಡಿಯ ಡಬ್ಬಿ, ಮಾತ್ರೆ ಹಿಡಿದು ಬಂದಿದ್ದರು. ಚಪ್ಪಲಿ ಎರಡೂ ಬೇರೆ ಬೇರೆ ಜೊತೆಯವು. ಕುಡಿಯಲು ನೀರು ಕೊಟ್ಟೆ, ಕುಡಿಯಲಿಲ್ಲ. ಲೋಟವನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಮುಖ ನೋಡಿದರು.

“ಬರೋ ದಾರಿ ಉದ್ದಕ್ಕೂ ಯಾರದೋ ಮನೆ ಗಂಡಸಿನ ಫೋಟೋ ಅಂಟಿಸಿದ್ದಾರೆ, ಪಾಪ. ನಮ್ಮವರದು ಇನ್ನೂ ಯಾಕಮ್ಮ ಹಾಕಿಸಿಲ್ಲ?”

ನನಗೆ ಮೊದಲು ಸಿಟ್ಟೇ ಬಂತು. ಮೇಜಿನ ಮೇಲಿದ್ದ ಒಂದು ಪೋಸ್ಟರನ್ನು ಅವರ ಕೈಗೆ ಕೊಟ್ಟು, ಇದೇ ತಾನೇ ಅತ್ತೆ, ಇವರೇ ತಾನೇ ಎಂದೆ. ಅತ್ತೆ ಕಾಗದವನ್ನು ದೂರ ಹಿಡಿದರು, ಹತ್ತಿರ ತಂದರು, ಮತ್ತೆ ದೂರ ಹಿಡಿದರು.

“ಇದು ಯಾರೇ?” ಎಂದರು.

ಆಗ ನೋಡಿದೆ. ಬೆಳಗ್ಗೆಯಿಂದ ಮೊದಲ ಸಲ ಆ ಮುಖವನ್ನು ನೋಡಿದೆ. ಹೋದ ವರ್ಷವೇ ಒಮ್ಮೆ ತಿಕ್ಕಿದ ಮುಖವನ್ನು ಇವತ್ತು ಇನ್ನೊಮ್ಮೆ ತಿಕ್ಕಿದ್ದೆ. ಕೆನ್ನೆ ತುಂಬ ಇದ್ದ ಸಿಡುಬಿನ ಕಲೆ ಇಲ್ಲ, ಹಣೆಯ ಗೆರೆ ಇಲ್ಲ, ಕಣ್ಣ ಕೆಳಗಿನ ಜೋಲು ಇಲ್ಲ. ಬೆಣ್ಣೆ ಸವರಿದ ಹಾಗೆ ನುಣ್ಣಗಿದ್ದ ಯಾರೋ ಒಬ್ಬ ಗಂಡಸು ನನ್ನ ನಂಬರಿನ ಮೇಲೆ ಕೂತು ಊರೆಲ್ಲ ನೋಡುತ್ತಿದ್ದ. ಇಂಥವನನ್ನು ಹುಡುಕಿ ಎಂದು ನಾನೇ ಊರಿಗೆ ಹೇಳಿದ್ದೆ. ಮಾವ ಎದುರಿಗೇ ಬಂದು ನಿಂತರೂ ಜನ ಅವರನ್ನು ಬಿಟ್ಟು ಇವನನ್ನೇ ಹುಡುಕುತ್ತಾರೆ.

ಕಂಟ್ರೋಲ್ ಜಡ್ ಒತ್ತಿದೆ. ಮುಚ್ಚಿ ತೆರೆದ ಫೈಲಿನಲ್ಲಿ ಹಿಂದಕ್ಕೆ ಹೋಗಲು ಏನೂ ಉಳಿದಿರುವುದಿಲ್ಲ ಎಂದು ಗೊತ್ತಿದ್ದೂ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಮೂಲ ಫೋಟೋ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಕ್ಯಾಮೆರಾ ಕಾರ್ಡು ತುಂಬಿದಾಗಲೆಲ್ಲ ಅಳಿಸುತ್ತೇವೆ. ಬಸ್ ಕಾರ್ಡು ಮಾವನ ಜೇಬಿನಲ್ಲೇ ಹೋಗಿತ್ತು, ಅದರ ಮೇಲಿರುವುದೂ ನಾನು ತಿಕ್ಕಿದ ಮುಖವೇ. ಅತ್ತೆಗೆ ಆದದ್ದನ್ನು ಆದ ಹಾಗೇ ಹೇಳಿದೆ. ಈ ಕೀ ಒತ್ತಿದರೆ ಕಲೆ ಹೋಗುತ್ತದೆ, ನಾನು ಒತ್ತಿದೆ.

“ಹೋಗಿದ್ದನ್ನ ಮತ್ತೆ ಹಾಕೋಕೆ ಯಾವ ಕೀ?”

ಅದಕ್ಕೆ ಕೀ ಇಲ್ಲ ಅತ್ತೆ ಎಂದೆ. ಅವರು ಲೋಟ ಕೆಳಗಿಟ್ಟು, ಸ್ಟೂಲನ್ನು ಎಳೆದುಕೊಂಡು ನನ್ನ ಪಕ್ಕ ಕೂತರು. ಹಾಗಾದರೆ ಕೈಯಲ್ಲೇ ಹಾಕು, ನಾನು ತೋರಿಸುತ್ತೇನೆ ಎಂದರು.

ನನ್ನ ಮೌಸು ಯಾವುದೋ ಡ್ರಾಯರಿನಲ್ಲಿ ಧೂಳು ತಿನ್ನುತ್ತಿತ್ತು, ಓನರದ್ದನ್ನೇ ಕಿತ್ತುಕೊಂಡೆ. ಅತ್ತೆ ಪರದೆಯ ಮೇಲೆ ಬೆರಳಿಟ್ಟರು. ಇಲ್ಲಿ ಒಂದು ಗುಂಡಿ, ಅಲ್ಲ, ಸ್ವಲ್ಪ ಕೆಳಗೆ. ಇದು ಉದ್ದ, ಅದು ಉರುಟು. ಸಿಡುಬು ಬಂದಾಗ ಮಾವನಿಗೆ ಐದು ವರ್ಷವಂತೆ. ಎಡಗೆನ್ನೆಯಲ್ಲಿ ಹೆಚ್ಚು, ಬಲಗೆನ್ನೆಯಲ್ಲಿ ಕಡಿಮೆ. ಹುಬ್ಬಿನ ನಡುವೆ ಕೂದಲು ಬಾರದ ಗೆರೆ, ಉಳಿಯ ಏಟಿಗೆ ಹಾರಿದ ಚಕ್ಕೆಯಿಂದ ಆದದ್ದು. ನಾನು ಹಾಕಿದ್ದನ್ನು ನೋಡಿ ಇಷ್ಟು ಕಪ್ಪಲ್ಲ ಎನ್ನುತ್ತಿದ್ದರು, ಅಳಿಸಿ ಮತ್ತೆ ಹಾಕುತ್ತಿದ್ದೆ. ಹೊರಗೆ ಬಿಸಿಲು ಇಳಿಯುತ್ತಿತ್ತು. ನನಗೆ ಒಳಗೊಳಗೇ ಕುದಿಯುತ್ತಿತ್ತು. ಈ ಗತಿಯಲ್ಲಿ ಕತ್ತಲಾಗುತ್ತದೆ, ಆ ಮನುಷ್ಯ ಯಾವ ಮೋರಿಯ ಪಕ್ಕ ಬಿದ್ದಿದ್ದಾರೋ, ನಾವಿಲ್ಲಿ ಗುಂಡಿ ಉರುಟೋ ಉದ್ದವೋ ಎಂದು ಕೂತಿದ್ದೇವೆ. ಸಾಕು ಅತ್ತೆ, ಇಷ್ಟಾದರೆ ಗುರುತು ಸಿಗುತ್ತದೆ ಎಂದೆ. ಅವರು ಬೆರಳನ್ನು ಗಲ್ಲದ ಮೇಲಿಟ್ಟು ತೆಗೆಯಲಿಲ್ಲ.

“ಇಲ್ಲೊಂದು ಇದೆ. ಇದು ನಾನು ಸೌಟಲ್ಲಿ ಹೊಡೆದದ್ದು, ಮದುವೆ ಆದ ಹೊಸತು. ಯಾರಿಗೂ ಹೇಳಬೇಡ.”

ನನಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಉಂಡಿದ್ದೇನೆ. ಅವರು ಹೇಳಿದ ಒಂದು ಗುರುತೂ ನನಗೆ ನೆನಪಿರಲಿಲ್ಲ. ಮಾವನ ಮುಖದಲ್ಲಿ ಏನಿದೆ ಎಂದು ಪೊಲೀಸರು ನನ್ನನ್ನು ಕೇಳಿದ್ದರೆ, ಮೂಗು ಬಾಯಿ ಇದೆ ಎನ್ನುತ್ತಿದ್ದೆನೋ ಏನೋ. ಸೌಟಿನ ಗುರುತನ್ನು ಹಾಕಿದೆ. ಸರಿಯಾಗಿ ಬರುವವರೆಗೆ ಹಾಕಿದೆ.

ಎರಡನೆಯ ಪೋಸ್ಟರಿನ ಮೊದಲ ಹಾಳೆ ಹೊರಗೆ ಬರುತ್ತಿದ್ದಾಗ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಹಳೆಯ ಬಸ್ ನಿಲ್ದಾಣದ ಹಿಂದೆ ಕಟಿಂಗ್ ಅಂಗಡಿ ಇಟ್ಟಿರುವವನಂತೆ, ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಮಾತಾಡಿದ.

“ಮೇಡಂ, ನಿಮ್ಮ ಫೋಟೋದಲ್ಲಿ ಇರೋರನ್ನ ನಾನು ನೋಡಿಲ್ಲ. ಆದರೆ ಅವರ ತಂದೆ ಇಲ್ಲಿದ್ದಾರೆ.”

ಯಾರ ತಂದೆ ಎಂದೆ. ಕಾಣೆಯಾದವರ ತಂದೆ ಎಂದ. ಕಾಣೆಯಾದವರಿಗೇ ಎಪ್ಪತ್ತು ದಾಟಿದೆ, ಅವರ ತಂದೆ ಸತ್ತು ಯಾವ ಕಾಲವಾಯಿತು ಎಂದು ರೇಗಿದೆ. ಅವನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದ. ಇಲ್ಲ ಮೇಡಂ, ಒಬ್ಬರು ಹಿರಿಯರು ಮಧ್ಯಾಹ್ನದಿಂದ ನಮ್ಮ ಬೆಂಚಿನ ಮೇಲೆ ಕೂತಿದ್ದಾರೆ, ಗಾಜಿನ ಮೇಲಿರುವುದು ನನ್ನ ಮಗ ಎನ್ನುತ್ತಿದ್ದಾರೆ, ಅವನು ಸಿಗುವ ತನಕ ಏಳುವುದಿಲ್ಲವಂತೆ, ಮುಖದ ತುಂಬ ಸಿಡುಬಿನ ಕಲೆ ಇದೆ. ಫೋನು ಕಿವಿಯಲ್ಲಿದ್ದ ಹಾಗೇ ಮೇಜಿನ ಮೇಲಿದ್ದ ಹಳೆಯ ಪೋಸ್ಟರಿನ ಕಡೆ ನೋಡಿದೆ. ಕಲೆ ತೆಗೆದು ಸುಕ್ಕು ತೆಗೆದು ಉಳಿಸಿದ್ದ ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಗ್ಗೆ ನನ್ನ ಪಕ್ಕದಲ್ಲೇ ಏಳುವ ಮುಖ ಅದು. ನಮ್ಮ ಮನೆಯಲ್ಲಿ ಅಪ್ಪನಷ್ಟೇ ಮಗನ ತಲೆಯೂ ನರೆತಿದೆ, ಕೂದಲೂ ಸರಿಹೊಂದಿಬಿಟ್ಟಿತ್ತು.

ಇವರಿಗೆ ಫೋನ್ ಮಾಡಿ, ಅತ್ತೆಯ ಕೈ ಹಿಡಿದು ಆಟೋ ಹತ್ತಿದೆ. ಹೊಸ ಪೋಸ್ಟರುಗಳ ಕಟ್ಟು ಮಷಿನ್ನಿನ ಬಾಯಲ್ಲೇ ಉಳಿಯಿತು. ದಾರಿಯುದ್ದಕ್ಕೂ ಸಿಗ್ನಲ್ಲಿಗೊಮ್ಮೆ ಡ್ರೈವರನ ಮೇಲೆ ರೇಗಿದೆ. ಅತ್ತೆ ತಿಂಡಿಯ ಡಬ್ಬಿಯನ್ನೂ ಮಾತ್ರೆಯನ್ನೂ ಎದೆಗೊತ್ತಿ ಹಿಡಿದಿದ್ದರು.

ಸಣ್ಣ ಅಂಗಡಿ, ಎರಡು ಕುರ್ಚಿ, ಒಂದು ಬೆಂಚು. ಗಾಜಿನ ಹೊರಗೆ ನನ್ನ ಪೋಸ್ಟರು, ಒಳಗೆ ಅದರ ಕೆಳಗೇ ಮಾವ. ಮೈ ಮೇಲೆ ಬಿಳಿ ಅಂಗಿ ಕಾಣದ ಹಾಗೆ ಇವರ ಹಳೆಯ ಕೋಟು. ಮೂರು ಹೊತ್ತು ಊಟ ಬಿಟ್ಟವರ ಹಾಗೆ ಬಾಡಿದ್ದರೂ ಬೆನ್ನು ನೆಟ್ಟಗಿತ್ತು. ಬನ್ನು, ಟೀ ಕೊಡಿಸಿದ್ದೆ ಎಂದು ಕ್ಷೌರಿಕ ಹೇಳಿದ. ಮಧ್ಯಾಹ್ನದ ಗಲಾಟೆಯಲ್ಲಿ ತಮ್ಮ ಸರದಿಗೆ ಕಾಯುವವರೇ ಎಂದುಕೊಂಡಿದ್ದನಂತೆ. ಜನ ಕರಗಿದ ಮೇಲೆ ಗೊತ್ತಾದದ್ದು, ಒಳಗೆ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳುತ್ತಿದ್ದಾರೆ ಎಂದು. ನನ್ನ ಮಗನನ್ನು ಎಲ್ಲಾದರೂ ಕಂಡಿರಾ? ಅಗೋ ಅವನೇ, ಕಾಣೆಯಾಗಿದ್ದಾನೆ.

ಇವರು ನಮಗಿಂತ ಮೊದಲೇ ತಲುಪಿದ್ದರು. ಬೆಳಗ್ಗೆಯಿಂದ ಓಡಿದ ಗಂಡಸು ಕತ್ತರಿಸಿದ ಕೂದಲಿನ ಮೇಲೇ ನೆಲಕ್ಕೆ ಕೂತು ಅಪ್ಪನ ಮಂಡಿಗೆ ತಲೆಯಿಟ್ಟು ಅಳುತ್ತಿದ್ದರು. ಮಾವ ಮಗನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಇನ್ನೊಮ್ಮೆ ಕಳೆದುಹೋದಾನು ಎನ್ನುವ ಹಾಗೆ. ಎಲ್ಲಿಗೆ ಹೋಗಿದ್ದೆಯೋ, ಹೇಳಿ ಹೋಗಬಾರದಾ ಎಂದು ಬೈಯುತ್ತಿದ್ದರು. ಅತ್ತೆ ಡಬ್ಬಿ ಬಿಚ್ಚಿ, ಅವರ ಪಕ್ಕ ಕೂತು, ಒಂದೊಂದೇ ತುತ್ತು ಬಾಯಿಗಿಡತೊಡಗಿದರು.

ನಾನು ಬಾಗಿಲಲ್ಲೇ ನಿಂತಿದ್ದೆ. ಗಲ್ಲದ ಮೇಲಿನ ಗುರುತು ಅಲ್ಲಿಂದಲೇ ಕಾಣಿಸಿತು. ಮಾವ ಬಾಯಲ್ಲಿದ್ದದ್ದನ್ನು ನುಂಗಿ ನನ್ನ ಕಡೆ ತಿರುಗಿದರು. ಯಾರು ಎಂದು ಗುರುತು ಸಿಗಲಿಲ್ಲ. ಯಾರೋ ನಿಂತಿದ್ದಾರೆ, ಒಂದು ಉಪಕಾರ ಕೇಳಬಹುದು ಎನ್ನುವ ಹಾಗೆ ನೋಡಿದರು.

“ನೋಡಮ್ಮ, ನನ್ನ ಮಗ ಸಿಕ್ಕಿದ. ಇವನ ಹೆಂಡತಿ ಎಲ್ಲಿದ್ದಾಳೋ, ಅವಳಿಗೊಂದು ಮಾತು ತಿಳಿಸಿಬಿಡು. ಬೇಗ ತಿಳಿಸು. ಆ ಹುಡುಗಿಗೆ ಕಾಯೋದು ಅಂದ್ರೆ ಆಗಲ್ಲ.”

ತಿಳಿಸ್ತೀನಿ ಮಾವ ಎನ್ನಲು ಹೋದೆ. ದನಿ ಹೊರಡಲು ಬಹಳ ಹೊತ್ತು ಹಿಡಿಯಿತು.