ಹಡಗು ಹತ್ತುವ ಮುಂಚಿನ ತಾಲೀಮು

ಹಡಗಿನಲ್ಲಿ ಪ್ರವಾಸ ಹೋಗೋಣ ಎಂಬ ಮಾತು ಮೊದಲು ತೆಗೆದದ್ದು ನಾನೇ. ನಾನು ಕಾರು ಕಲಿಸುವವಳು. ಬೆಳಗಿನಿಂದ ಸಂಜೆಯವರೆಗೆ ಕಲಿಯುವವರ ಪಕ್ಕದಲ್ಲಿ ಕೂತು, ನನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಜೀವ ಇಟ್ಟುಕೊಂಡು, "ಎಡಕ್ಕೆ, ಎಡಕ್ಕೆ, ಅಯ್ಯೋ ನಿಮ್ಮ ಎಡಕ್ಕೆ!" ಎಂದು ಅರಚುವುದು ನನ್ನ ಕಸುಬು. ಹಾಗಾಗಿ ರಜೆ ಎಂದರೆ ಬೇರೆ ಯಾರೋ ಓಡಿಸಬೇಕು, ನಾನು ಸುಮ್ಮನೆ ಕೂರಬೇಕು, ಬ್ರೇಕು ಕಣ್ಣಿಗೂ ಬೀಳಬಾರದು. ಇದಕ್ಕೆ ಹಡಗಿಗಿಂತ ಒಳ್ಳೆಯದು ಏನಿದೆ ಹೇಳಿ.

ನನ್ನವರು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಅವರ ಕೊರಳಲ್ಲಿ ತಾಳಿಗಿಂತ ಭದ್ರವಾಗಿ ಒಂದು ಸೀಟಿ ನೇತಾಡುತ್ತಿರುತ್ತದೆ. ಮದುವೆಯಾದ ಹೊಸದರಲ್ಲೇ ನಾನು, "ಮನೆಯೊಳಗೆ ಇದನ್ನ ಊದಿದ್ರೆ ನಿಮ್ಮನ್ನೂ ಅದನ್ನೂ ಸೇರಿಸಿ ಆಚೆ ಹಾಕ್ತೀನಿ" ಎಂದು ಹೇಳಿಬಿಟ್ಟಿದ್ದೆ. ಅಂದಿನಿಂದ ಅದು ಸಂಜೆಯಾದರೆ ಬಾಗಿಲ ಹಿಂದಿನ ಮೊಳೆಗೆ ಹೋಗುತ್ತಿತ್ತು. ಮನೆಯಲ್ಲಿ ಯಾರೂ ಅದರ ಸದ್ದು ಕೇಳಿದವರಲ್ಲ.

ಉಳಿದವರು ಮೂವರು. ಸಣ್ಣ ದನಿಯ ನಮ್ಮತ್ತೆ. ಮೂರು ವರ್ಷದ ಗುಂಡ. ಅವನಿಗೆ ಏನು ಕೇಳಿಸಿದರೂ ಓಡಬೇಕು. ಮತ್ತು ಅವನ ಅಕ್ಕ, ಒಂದನೇ ಕ್ಲಾಸಿನ ಮಹಾರಾಣಿ. ಈ ಹೆಸರು ಇಟ್ಟದ್ದು ನಮ್ಮತ್ತೆ. "ಕರೆದ್ರೆ ತಿರುಗಿ ಸಹ ನೋಡಲ್ಲ. ಅವಳಿಗೆ ಮನಸ್ಸಾದ್ರೆ ದರ್ಶನ ಕೊಡ್ತಾಳೆ. ಮಹಾರಾಣಿ!" ಶಾಲೆಯ ಟೀಚರ್ ಕೂಡ ಅದನ್ನೇ ಸ್ವಲ್ಪ ಮರ್ಯಾದೆಯಾಗಿ ಹೇಳಿದ್ದರು: ಹುಡುಗಿ ಜಾಣೆ, ಆದರೆ ಗಮನ ಸಾಲದು. ಅವಳ ಮಾತಿನಲ್ಲಿ ಸ, ಶ ಎಲ್ಲ ಮೆತ್ತಗಾಗುತ್ತಿತ್ತು. ಮುಂದಿನ ಹಲ್ಲು ಬಿದ್ದಿತ್ತಲ್ಲ, ಅದಕ್ಕೇ ಅಂದುಕೊಂಡೆವು. ನನ್ನ ಕಾರಿನ ಹಾರನ್ನಿಗೆ ಮಾತ್ರ ಅವಳು ಎಲ್ಲರಿಗಿಂತ ಮುಂಚೆ ಗೇಟಿನ ಹತ್ತಿರ ಇರುತ್ತಿದ್ದಳು. ನನ್ನ ಗಂಡುಗಂಟಲಿಗೂ ತಿರುಗುತ್ತಿದ್ದಳು. ಅವಳಜ್ಜಿಗೆ ಇದೇ ಕೋಪ: "ಅಮ್ಮ ಅಂದ್ರೆ ಓಡಿಬರ್ತಾಳೆ. ಅಜ್ಜಿ ಅಂದ್ರೆ ಲೆಕ್ಕಕ್ಕೇ ಇಲ್ಲ."

ಟಿಕೆಟ್ ಮಾಡಿಸಿಕೊಂಡು ಬಂದ ಸಂಜೆ ನನ್ನವರ ಮುಖ ನೋಡುವ ಹಾಗಿರಲಿಲ್ಲ. ಹಡಗಿನ ಕೋಣೆಯಲ್ಲಿ ಮಂಚದ ಮೇಲೊಂದು ಮಂಚ, ಏಣಿ, ಗುಂಡು ಕಿಟಕಿ ಎಂದು ನಾನು ಮಕ್ಕಳಿಗೆ ಚಿತ್ರ ತೋರಿಸುತ್ತಿದ್ದೆ. ಮಹಾರಾಣಿ ಮೇಲಿನ ಮಂಚ ತನಗೇ ಎಂದು ಆಗಲೇ ಬೆರಳಿಟ್ಟು ಆಗಿತ್ತು.

"ಮೊದಲನೇ ದಿನ ಎಲ್ರಿಗೂ ತಾಲೀಮು ಇರುತ್ತಂತೆ ಕಣೇ," ಎಂದರು ಅವರು. "ಟಿಕೆಟ್ ಆಫೀಸಿನ ಹುಡುಗಿ ಹೇಳಿದ್ಲು. ಏನಾದ್ರೂ ಆದ್ರೆ ಎಲ್ಲಿ ಸೇರಬೇಕು, ಜಾಕೆಟ್ ಹೆಂಗೆ ಹಾಕ್ಕೋಬೇಕು ಅಂತ. ಆ ಜಾಕೆಟ್ಟಿಗೂ ಒಂದು ಸೀಟಿ ಕಟ್ಟಿರ್ತಾರಂತೆ."

"ಆಗಲಿ. ನಿಮ್ಮ ನೆಂಟರು ಅಲ್ಲೂ ಇದಾರೆ ಅಂತಾಯ್ತು."

"ನಗಬೇಡ. ಇವಳ ಕಥೆ ಏನು? ಕರೆದ್ರೆ ಬರಲ್ಲ. ಸುತ್ತ ನೀರು. ಗುಂಡನನ್ನ ಎತ್ಕೋಬಹುದು, ಇವಳನ್ನ ಎಲ್ಲಿ ಅಂತ ಹುಡುಕ್ಲಿ?" ಮೇಷ್ಟ್ರ ದನಿ ನಡುಗುತ್ತಿತ್ತು. "ಇನ್ನು ಮನೇಲಿ ದಿನಾ ತಾಲೀಮು. ಸೀಟಿ ಊದಿದ ತಕ್ಷಣ ಇಬ್ರೂ ಬಾಗಿಲಲ್ಲಿ ನಿಂತಿರಬೇಕು. ಇವಳು ಅಷ್ಟು ಕಲೀದೇ ಇದ್ರೆ ಟಿಕೆಟ್ ವಾಪಸ್. ನಾನು ಮಕ್ಕಳನ್ನ ಸಮುದ್ರದ ಮಧ್ಯೆ ಕರ್ಕೊಂಡು ಹೋಗಲ್ಲ."

ನನಗೆ ಮೈಯೆಲ್ಲ ಉರಿಯಿತು. ಆರು ವರ್ಷದ ಮಗುವಿನ ತಲೆಗೆ ಇಡೀ ಮನೆಯ ರಜೆ ಕಟ್ಟುವುದೇ? ಆದರೆ ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಮೊಳೆಯ ಮೇಲಿನ ಸೀಟಿಗೆ ಮನೆಯೊಳಗೆ ಬರಲು ನಾನೇ ಅಪ್ಪಣೆ ಕೊಟ್ಟೆ.

ಮಾರನೇ ದಿನ ಬೆಳಗ್ಗೆ ಮೇಷ್ಟ್ರು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ನಿಯಮ ಹೇಳಿದರು. ಆಮೇಲೆ ಅಡುಗೆಮನೆಗೆ ಹೋಗಿ ಊದಿದರು. ಅಬ್ಬಾ, ಆ ಸದ್ದು! ಕಿವಿಯೊಳಗೆ ಸೂಜಿ ಹಾಕಿದ ಹಾಗೆ. ಗುಂಡ ಚಡ್ಡಿ ಹಿಡಿದುಕೊಂಡು ಬಾಗಿಲಿಗೆ ಓಡಿದ. ಮಹಾರಾಣಿ ಅವನ ಬೆನ್ನ ಹಿಂದೆಯೇ ಓಡಿ ನೆಟ್ಟಗೆ ನಿಂತಳು. ನಾನು ನಂಬಲಿಲ್ಲ. ಅವಳಪ್ಪನೂ ನಂಬಲಿಲ್ಲ. ಮಧ್ಯಾಹ್ನ ಊದಿದರು, ಸಂಜೆ ಊದಿದರು. ಎರಡು ಸಲವೂ ಓಡಿಬಂದಳು.

"ನೋಡಿದ್ಯಾ?" ಎಂದು ಮೇಷ್ಟ್ರು ಮೀಸೆ ತಿರುವಿದರು. "ಶಿಸ್ತು ಅಂದ್ರೆ ಇದು. ನಮ್ಮಮ್ಮ ವರ್ಷಗಟ್ಟಲೆ ಕೂಗಿ ಆಗದ್ದು ನಾನು ಒಂದೇ ದಿನದಲ್ಲಿ ಮಾಡಿದೆ."

ಒಂದು ದಿನ ಒಲೆಯ ಮೇಲಿನ ಕೆಟಲ್ ಕುದಿದು ಕುಯ್ ಎಂದಿತು. ಗುಂಡ ಕೈಯಲ್ಲಿದ್ದ ಬಿಸ್ಕತ್ತು ಬಿಸಾಕಿ ಬಾಗಿಲಿಗೆ ಓಡಿದ. ಅವನ ಹಿಂದೆಯೇ ಮಹಾರಾಣಿಯೂ. ಇಬ್ಬರೂ ಸೈನಿಕರ ಹಾಗೆ ಎದೆಯುಬ್ಬಿಸಿ ನಿಂತಿದ್ದನ್ನು ನೋಡಿ ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅತ್ತೆ ಕೂಡ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೊರಡಲು ಇನ್ನು ಕೆಲವೇ ವಾರ ಇತ್ತು. ಸೂಟ್‌ಕೇಸುಗಳು ಅಟ್ಟದಿಂದ ಇಳಿದಿದ್ದವು. ಅತ್ತೆ ಗುಂಡನನ್ನು ಬಚ್ಚಲಲ್ಲಿ ಕೂರಿಸಿ ತಲೆಗೆ ಸೋಪು ಹಚ್ಚುತ್ತಿದ್ದರು. ಮಹಾರಾಣಿ ಹಾಲಿನಲ್ಲಿ ನೆಲದ ಮೇಲೆ ಕೂತು ಚಪ್ಪಲಿಯ ಡಬ್ಬವನ್ನು ಹಡಗು ಮಾಡಿ ಗೊಂಬೆಗಳನ್ನು ಒಂದೊಂದಾಗಿ ಹತ್ತಿಸುತ್ತಿದ್ದಳು. ನಾನು ಅವಳ ಫ್ರಾಕುಗಳನ್ನು ಮಡಚುತ್ತಿದ್ದೆ.

"ಇವತ್ತಿನ ತಾಲೀಮು," ಎಂದು ಪಿಸುಗುಟ್ಟಿ ಮೇಷ್ಟ್ರು ಅವಳ ಬೆನ್ನ ಹಿಂದೆ, ಬಾಗಿಲ ಬಳಿ ನಿಂತು ಊದಿದರು.

ಅವಳು ಒಂದು ಗೊಂಬೆ ಎತ್ತಿ ಡಬ್ಬದೊಳಗೆ ಕೂರಿಸಿದಳು.

ಮತ್ತೆ ಊದಿದರು. ಬಚ್ಚಲಿನಿಂದ ಗುಂಡ "ಓಡ್ಬೇಕು! ಓಡ್ಬೇಕು!" ಎಂದು ಅರಚಿದ; ಅತ್ತೆ ಅವನನ್ನು ಹಿಡಿದು ಕೂರಿಸಿದ್ದು ಕೇಳಿಸಿತು. ಮಹಾರಾಣಿ ಗೊಂಬೆಯ ಲಂಗ ಸರಿಮಾಡಿದಳು.

"ಶುರುವಾಯ್ತು ನೋಡು ಹಠ," ಎಂದು ಇವರು ಎರಡು ಹೆಜ್ಜೆ ಮುಂದೆ ಬಂದರು. ಮುಖ ಕೆಂಪಾಗಿತ್ತು. ಕೆನ್ನೆ ಉಬ್ಬಿಸಿ, ಮೈದಾನದ ಆ ತುದಿಗೆ ಮುಟ್ಟುವ ಹಾಗೆ ಊದಿದರು. ನನ್ನ ಎರಡೂ ಕೈ ತಾವಾಗಿಯೇ ಕಿವಿಗೆ ಹೋದವು. ಎದುರು ಮನೆಯ ಕಿಟಕಿ ತೆರೆದು ಯಾರೋ ಇಣುಕಿದರು. ನನ್ನ ಮಗಳು, ಅಪ್ಪನಿಂದ ಕೈಯಳತೆಯ ದೂರದಲ್ಲಿ, ರೆಪ್ಪೆಯನ್ನೂ ಅಲುಗಿಸದೆ, ತನ್ನಷ್ಟಕ್ಕೆ ಏನೋ ಗುನುಗುತ್ತಾ ಇನ್ನೊಂದು ಗೊಂಬೆಗೆ ಕೈ ಚಾಚಿದಳು.

ದಿನಕ್ಕೆ ಎಷ್ಟು ಜನ ಬೆಚ್ಚುವುದನ್ನು ನೋಡುವವಳು ನಾನು! ಎದುರಿಗೆ ಲಾರಿ ಬಂದರೆ ಎಂಥ ಹಠಮಾರಿಯ ಭುಜವೂ ಒಂದು ಕ್ಷಣ ಕುಣಿಯುತ್ತದೆ. ಹಠ ಮಾಡುವವರು ಬೆಚ್ಚಿ ಆಮೇಲೆ ಹಠ ಮಾಡುತ್ತಾರೆ. ಇವಳ ಭುಜ ಅಲುಗಲೇ ಇಲ್ಲ.

"ರೀ, ನಿಲ್ಸಿ," ಎಂದೆ. "ರೀ, ಅವಳಿಗೆ ಕೇಳಿಸ್ತಿಲ್ಲ."

ಅವರು ನನ್ನ ಕಡೆ ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. ಬಾಯಲ್ಲಿದ್ದ ಸೀಟಿ ಜಾರಿ ಎದೆಯ ಮೇಲೆ ಬಿತ್ತು. ಆಗ ಅವರ ನೆರಳು ಕಂಡಿತೋ ಏನೋ, ಅವಳು ತಿರುಗಿ ನೋಡಿದಳು. ಅಪ್ಪನ ಕೊರಳು ನೋಡಿದಳು, ಉಬ್ಬಿದ ಮುಖ ನೋಡಿದಳು, ಗಡಬಡಿಸಿ ಎದ್ದುನಿಂತಳು.

"ಓಡಬೇಕಾ ಅಪ್ಪಾ? ಗುಂಡ ಎಲ್ಲಿ?"

"ಗುಂಡ ಯಾಕೆ ಬೇಕು ಮರೀ?" ಎಂದೆ ನಾನು, ಅವಳ ಮುಂದೆ ಕುಕ್ಕರಿಸಿ.

"ಗುಂಡ ಓಡಿದ್ರೆ ಅಲ್ವಾ ನಾನು ಓಡೋದು?"

"ಅಪ್ಪ ಸೀಟಿ ಊದಿದ್ದು ಕೇಳಿಸ್ಲಿಲ್ವಾ?"

ಅವಳು ನನ್ನ ತುಟಿಗಳನ್ನು ನೋಡುತ್ತಿದ್ದಳು. ಯಾವತ್ತೂ ಹಾಗೇ ನೋಡುತ್ತಿದ್ದಳು; ನಾನದನ್ನು ಮುದ್ದು ಅಂದುಕೊಂಡಿದ್ದೆ. ಆಮೇಲೆ ಅಪ್ಪನ ಎದೆಯ ಮೇಲಿನ ಸೀಟಿಯ ಕಡೆ ಕಣ್ಣರಳಿಸಿ ಕೇಳಿದಳು:

"ಸೀಟಿಗೆ ಸದ್ದೂ ಇರುತ್ತಾ?"

ಮೇಷ್ಟ್ರು ಗೋಡೆ ಹಿಡಿದುಕೊಂಡರು. ಬೆಳಗ್ಗೆಯಿಂದ ಸಂಜೆವರೆಗೆ ಅದನ್ನೇ ಊದಿ ಊರಿನ ಮಕ್ಕಳನ್ನೆಲ್ಲ ಓಡಿಸುವ ಮನುಷ್ಯ. ಅವರ ಮಗಳು ಅದನ್ನು ಕೆನ್ನೆ ಉಬ್ಬಿಸುವ ಆಟ ಎಂದು ತಿಳಿದಿದ್ದಳು.

ಕಿವಿ ಪರೀಕ್ಷೆ ಮಾಡುವವರ ಕೋಣೆ ಪುಟ್ಟದು, ಗೋಡೆಗೆಲ್ಲ ಮೆತ್ತೆ ಹಚ್ಚಿದ್ದು. ಸದ್ದು ಕೇಳಿಸಿದಾಗಲೆಲ್ಲ ಒಂದು ಮರದ ಬಿಲ್ಲೆ ಡಬ್ಬಕ್ಕೆ ಹಾಕಬೇಕು ಎಂದು ಆಕೆ ಮಹಾರಾಣಿಗೆ ಹೇಳಿಕೊಟ್ಟರು. ದಪ್ಪ ಸದ್ದು ಬಂದಾಗ ಬಿಲ್ಲೆ ಟಪ್ಪೆಂದು ಬಿತ್ತು. ಇನ್ನೊಂದಕ್ಕೂ ಬಿತ್ತು. ನನಗೆ ಜೀವ ಬಂದ ಹಾಗಾಯಿತು. ಸದ್ದು ತೆಳುವಾಗುತ್ತಾ ಹೋಯಿತು. ಮೂಲೆಯಲ್ಲಿ ಕೂತ ನನಗೆ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು, ಕಿವಿ ಚುಚ್ಚುವಷ್ಟು. ನನ್ನ ಮಗಳು ಬಿಲ್ಲೆಯನ್ನು ಕೆನ್ನೆಗೆ ಒತ್ತಿಕೊಂಡು, ಆಟ ಯಾಕೆ ನಿಂತಿತು ಎಂದು ಕಾಯುತ್ತಿದ್ದಳು. ಹೇಳಿದ ಮಾತು ಕೇಳುವ ಹುಡುಗಿಯ ಹಾಗೆ, ತುಂಬ ತಾಳ್ಮೆಯಿಂದ. 'ಹಾಕು ಪುಟ್ಟಾ, ಹಾಕು' ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಕಾಲಡಿ ಇಲ್ಲದ ಬ್ರೇಕನ್ನು ನನ್ನ ಬಲಗಾಲು ಒತ್ತುತ್ತಲೇ ಇತ್ತು.

"ಹಾರನ್ನಿನಂಥ ದಪ್ಪ ಸದ್ದು ಕೇಳಿಸುತ್ತೆ, ಸೀಟಿಯಂಥ ತೆಳು ಸದ್ದು ಇಲ್ಲ," ಎಂದರು ಆಕೆ. "ಹುಟ್ಟಿದಾಗಿಂದಲೂ ಹೀಗೇ ಇರಬಹುದು. ಎಲ್ಲರ ಮುಖ ನೋಡಿ, ಪಕ್ಕದವರು ಮಾಡಿದ್ದು ನೋಡಿ ಹೊಂದಿಸ್ಕೊಂಡಿದ್ದಾಳೆ. ಅದಕ್ಕೇ ಯಾರಿಗೂ ಗೊತ್ತಾಗಿಲ್ಲ." ಕಿವಿಗೆ ಹಾಕುವ ಯಂತ್ರ ಬರುತ್ತದೆ, ತೆಳು ಸದ್ದನ್ನು ದಪ್ಪ ಮಾಡಿ ಕೊಡುತ್ತದೆ, ಆದರೆ ಎಷ್ಟು ಹಿಡಿಯುತ್ತಾಳೆ ಎನ್ನುವುದನ್ನು ಹಾಕಿ ನೋಡಿಯೇ ಹೇಳಬೇಕು ಎಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ತಮ್ಮ ಸಣ್ಣ ದನಿಯಲ್ಲೇ ಕೇಳಿದರು: "ನನ್ನ ದನಿ?"

"ನಿಮ್ಮದು ತೆಳು ದನಿ ಅತ್ತೆ. ಅರ್ಧಂಬರ್ಧ ಕೇಳಿಸ್ತಿತ್ತೇನೋ."

"ಹಾಗಾದ್ರೆ ಮಗೂಗೆ ನನ್ನ ಮೇಲೆ ಕೋಪ ಇರ್ಲಿಲ್ವಾ?" ಎಂದವರೇ ಬಿಕ್ಕಿ ಬಿಕ್ಕಿ ಅತ್ತರು. ಆ ದಿನದಿಂದ ಮಹಾರಾಣಿ ಎಂಬ ಹೆಸರು ಅವರ ಬಾಯಲ್ಲಿ ಬರಲಿಲ್ಲ.

ಮೇಷ್ಟ್ರು ಟಿಕೆಟ್ ವಾಪಸ್ ಮಾಡೋಣ ಎಂದರು. ನಾನು ಸಿಡಿದೆ. "ಕಿವಿ ಕೇಳಿಸಲ್ಲ ಅಂತ ಮಗೂನ ಮನೇಲಿ ಕೂಡಿಹಾಕ್ತೀರಾ? ಕೆಳಗಿನ ಮಂಚದಲ್ಲಿ ನನ್ನ ಪಕ್ಕ ಮಲಗ್ತಾಳೆ. ಮಲಗುವಾಗ ಯಂತ್ರ ತೆಗೀಬೇಕಲ್ಲ, ಆಗ ಅವಳ ಕೈ ನನ್ನ ಕೈಯಲ್ಲಿರುತ್ತೆ. ಗೊತ್ತಿಲ್ಲದೇ ಹೋಗಿದ್ರೆ ಅವಳು ಮೇಲಿನ ಮಂಚದಲ್ಲಿ ಒಬ್ಬಳೇ ಇರ್ತಿದ್ಲು. ಅದನ್ನ ಯೋಚ್ನೆ ಮಾಡಿ!"

ಅದನ್ನು ಯೋಚಿಸಿ ಅವರ ಮುಖ ಬಿಳಿಚಿತು. ನನ್ನದೂ ಬಿಳಿಚಿರಬೇಕು. "ಸರಿ," ಎಂದರು ಕಡೆಗೆ. "ಯಂತ್ರ ಹಾಕಿ ಒಂದು ಸಲ ನೋಡೋಣ. ಸೀಟಿ ಕೇಳಿಸಿದ್ರೆ ಹೋಗೋಣ. ಇಲ್ದಿದ್ರೆ ನನಗೆ ಧೈರ್ಯ ಇಲ್ಲ ಕಣೇ."

ಯಂತ್ರ ಬಂದ ಮೊದಲ ದಿನವೆಲ್ಲ ಅವಳು ಬೆರಗಾಗಿ ಮನೆ ಸುತ್ತಿದಳು. ನಲ್ಲಿ ಏನು ಹೇಳುತ್ತೆ, ಚೀಲದ ಜಿಪ್ ಏನು ಹೇಳುತ್ತೆ ಎಂದು ಒಂದೊಂದನ್ನೂ ಎಳೆದು, ತಿರುಗಿಸಿ ನೋಡಿದಳು. ಗದ್ದಲ ಜಾಸ್ತಿಯಾದಾಗ ಕಿತ್ತು ನನ್ನ ಕೈಗೆ ಕೊಟ್ಟಳು. ಕೆಲವು ದಿನ ಕಳೆಯಲಿ ಎಂದು ಕಾದೆವು. ಹಡಗು ಹೊರಡುವ ವಾರ ಬಂತು.

ಅತ್ತೆ ಗುಂಡನನ್ನು ಅಡುಗೆಮನೆಗೆ ಕರೆದೊಯ್ದು, ಬಾಯಿಗೊಂದು ಬಿಸ್ಕತ್ತು ತುರುಕಿ ಬಾಗಿಲು ಹಾಕಿಕೊಂಡರು. ಅವಳು ಹಾಲಿನಲ್ಲಿ, ನಮಗೆ ಬೆನ್ನು ಹಾಕಿ, ಅದೇ ಚಪ್ಪಲಿ ಡಬ್ಬದ ಮುಂದೆ ಕೂತಿದ್ದಳು. ಮೇಷ್ಟ್ರು ಸೀಟಿ ಬಾಯಿಗಿಟ್ಟರು. ಬರೀ ಗಾಳಿ ಬಂತು. ಇಷ್ಟು ವರ್ಷ ಅದನ್ನೇ ಊದಿದ ತುಟಿ ಅದುರುತ್ತಿತ್ತು. ನಾನು ಅವರ ಬೆನ್ನು ಸವರಿದೆ. ಊದಿದರು.

ಗೊಂಬೆ ಹಿಡಿದ ಕೈ ಗಾಳಿಯಲ್ಲಿ ನಿಂತಿತು. ಅವಳು ಏಳಲಿಲ್ಲ, ತಿರುಗಲೂ ಇಲ್ಲ.

"ಕೇಳಿಸ್ತು," ಎಂದಳು ಡಬ್ಬದ ಕಡೆಗೇ ನೋಡುತ್ತಾ. "ಬರಲ್ಲ. ನನ್ನ ಹಡಗಿಗೆ ಇನ್ನೂ ಜನ ಹತ್ತಬೇಕು."

ಮೇಷ್ಟ್ರು ನಿಂತಲ್ಲೇ ನೆಲಕ್ಕೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಡುಗೆಮನೆಯ ಬಾಗಿಲ ಸಂದಿಯಿಂದ ಅತ್ತೆಯ ತೆಳು ದನಿ ಬಂತು: "ಏನಾಯ್ತೇ? ಬಂದ್ಲಾ ಮಗು?"

"ಇಲ್ಲ ಅತ್ತೆ!" ನಾನು ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದೆ. "ಬರಲ್ವಂತೆ ಮಹಾರಾಣಿ!"