ನೀಲಿ ಮೇಷ್ಟ್ರು

ಕೆಳಗಿನ ಸಾಲಿನ ಎರಡನೆಯ ಡ್ರಾಯರ್ ಎಳೆದ ಕೂಡಲೇ ಮೇಷ್ಟ್ರ ಕೈ ಅಲ್ಲೇ ನಿಂತಿತು. ಅಲ್ಲಿರಬೇಕಾದದ್ದು ಚೌಕ, ಉದ್ದ ಎಲ್ಲ ಬೆರೆತ ಚಿತ್ರಗಳು, ಕೈಗೆ ಸಿಕ್ಕಿದ್ದು ಬರೀ ಉದ್ದನೆಯವು. ಅದರ ಮೇಲಿನದನ್ನು ಎಳೆದರು, ಅಲ್ಲೂ ಉದ್ದನೆಯವೇ. ಬೆನ್ನ ಹಿಂದೆ ಅತ್ತೆ ಸೊಸೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಮೂವತ್ತು ವರ್ಷ ತಾವೇ ಜೋಡಿಸಿಟ್ಟ ಕಪಾಟಿನಲ್ಲಿ ಯಾವುದು ಎಲ್ಲಿದೆ ಎಂಬುದು ಅವರಿಗೆ ಮೊದಲ ಸಲ ಗೊತ್ತಿರಲಿಲ್ಲ.

ಗಾಜಿನ ಕೋಣೆಯ ಬಾಗಿಲು ತೆರೆದು ಮಾಲೀಕರ ಮಗಳು ತಲೆ ಹೊರಗೆ ಹಾಕಿದಳು.

"ಮಾಮ, ಹೇಳೋಕೆ ಮರೆತೆ. ನೀವು ಜ್ವರ ಅಂತ ಮಲಗಿದ್ದಾಗ ಎಲ್ಲಾನೂ ಅಳತೆ ಪ್ರಕಾರ ಜೋಡಿಸಿಬಿಟ್ಟೆ. ಫ್ರೇಮ್ ಹಾಕೋರಿಗೆ ಸುಲಭ ಆಗ್ಲಿ ಅಂತ. ನಿಮಗೇನು, ನೋಡಿದ್ರೆ ಗೊತ್ತಾಗುತ್ತಲ್ಲ."

ಮೇಷ್ಟ್ರು ನಕ್ಕು ತಲೆಯಾಡಿಸಿದರು. ಅವಳು ಬಾಗಿಲು ಹಾಕಿಕೊಂಡಳು, ಆದರೆ ಕುರ್ಚಿಗೆ ಹೋಗಿ ಕೂರಲಿಲ್ಲ. ಗಾಜಿನ ಹಿಂದೆಯೇ ನಿಂತು ನೋಡತೊಡಗಿದಳು.

ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮನೆಯ ಗೋಡೆಗೆ ಹಾಕುವ ಚಿತ್ರಗಳ ಪ್ರಿಂಟ್ ಮಾರುವ ಅಂಗಡಿಯಲ್ಲಿ ಕೆಲಸ. ಮರವೂ ಅಲ್ಲದ ಮನುಷ್ಯನೂ ಅಲ್ಲದ, ಬರೀ ಬಣ್ಣದ ಪಟ್ಟೆ, ಕಲೆ, ಸುಳಿಗಳ ಚಿತ್ರಗಳು ಅವು. ಜನ ಅವುಗಳಲ್ಲಿ ನೀಲಿಯನ್ನೇ ಹೆಚ್ಚು ಕೇಳುತ್ತಾರೆ, ಮತ್ತು ನೀಲಿ ಎಂದರೆ ಒಂದೇ ಬಣ್ಣ ಎಂದುಕೊಂಡೇ ಬರುತ್ತಾರೆ. ಮೇಷ್ಟ್ರು ಅವರನ್ನು ಕೂರಿಸಿ, ಕಿಟಕಿ ಯಾವ ಕಡೆಗಿದೆ, ಬಿಸಿಲು ಬೆಳಿಗ್ಗೆ ಬರುತ್ತದೋ ಸಂಜೆ ಬರುತ್ತದೋ, ಆ ಗೋಡೆಯ ಎದುರು ಹೆಚ್ಚು ಹೊತ್ತು ಕೂರುವವರು ಯಾರು ಎಂದೆಲ್ಲ ಪೊಲೀಸರ ಹಾಗೆ ವಿಚಾರಿಸಿ, ಕೊನೆಗೆ ಎದ್ದು ಹೋಗಿ ಒಂದೇ ಒಂದು ಚಿತ್ರ ತಂದು ಮೇಜಿನ ಮೇಲಿಡುತ್ತಿದ್ದರು. ಆ ಒಂದೇ ಚಿತ್ರ ಮನೆಗೆ ಹೋಗಿ, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಗೋಡೆಗೆ ಒಗ್ಗಿಕೊಳ್ಳುತ್ತಿತ್ತು. ಹಾಗೆ ಗಿರಾಕಿಗಳೇ ಇಟ್ಟ ಹೆಸರು ನೀಲಿ ಮೇಷ್ಟ್ರು.

ಈಗ ಆ ನೀಲಿ ಮೇಷ್ಟ್ರಿಗೆ ನೀಲಿ ಕಾಣುತ್ತಿರಲಿಲ್ಲ. ಎರಡು ವರ್ಷದಿಂದ ಕಣ್ಣಿಗೆ ಪೊರೆ ಕವಿದಿತ್ತು. ಅಕ್ಷರ ಕಾಣುತ್ತಿತ್ತು, ಮುಖ ಕಾಣುತ್ತಿತ್ತು, ಎದುರಿಗೆ ಬರುವ ಬಸ್ಸೂ ಕಾಣುತ್ತಿತ್ತು. ನೀಲಿಯೊಂದು ಮಾತ್ರ ಯಾರಿಗೂ ಹೇಳದೆ ಹೊರಟುಹೋಗಿತ್ತು. ತಿಳಿನೀಲಿ ಬೂದಿಯಾಯಿತು, ಗಾಢವಾದದ್ದು ಕಪ್ಪಾಯಿತು, ಉಳಿದದ್ದು ಹಸಿರಿನ ಜೊತೆ ಕಲಸಿಹೋಯಿತು. ಮೊದಲು ಟ್ಯೂಬ್‌ಲೈಟಿಗೆ ಬೈದರು, ಆಮೇಲೆ ಪ್ರೆಸ್ಸಿನವರ ಶಾಯಿಗೆ ಬೈದರು. ಬೈಯಲು ಯಾರೂ ಉಳಿಯದಿದ್ದಾಗ ಕಣ್ಣಿನ ಡಾಕ್ಟರ ಬಳಿ ಹೋದರು. ಚಿಕ್ಕ ಆಪರೇಷನ್, ಹೆದರುವಂಥದ್ದೇನಿಲ್ಲ ಎಂದು ಅವರು ಚೀಟಿ ಬರೆದುಕೊಟ್ಟರು. ಮೇಷ್ಟ್ರ ಅಣ್ಣನೂ ಹಿಂದೊಮ್ಮೆ ಇಂಥದೇ ಚಿಕ್ಕ ಆಪರೇಷನ್ನಿಗೆ ನಗುನಗುತ್ತ ಹೋಗಿ, ಒಂದೇ ಕಣ್ಣಿನಲ್ಲಿ ವಾಪಸು ಬಂದಿದ್ದ. ಚೀಟಿ ಪರ್ಸಿನ ಮಡಿಕೆ ಸೇರಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಈ ಮೇಜು ಕೈತಪ್ಪುತ್ತದೆ, ಹೆಸರು ಹೋಗುತ್ತದೆ, ಆಮೇಲೆ ತಾವು ಯಾರು ಎಂಬ ಭಯ ಅವರಿಗೆ.

ಅಲ್ಲಿಂದಾಚೆ ಕಪಾಟೇ ಅವರ ಕಣ್ಣು. ಮೇಲಿನ ಸಾಲಿನಲ್ಲಿ ತಿಳಿ, ಕೆಳಗಿನ ಸಾಲಿನಲ್ಲಿ ಗಾಢ, ಎಡಕ್ಕೆ ಹಸಿರಿನತ್ತ ವಾಲುವ ನೀಲಿ, ಬಲಕ್ಕೆ ನೇರಳೆಯತ್ತ ವಾಲುವ ನೀಲಿ. ಕಣ್ಣು ಮುಚ್ಚಿಕೊಂಡೂ ತೆಗೆಯಬಲ್ಲರು, ತೆಗೆಯುತ್ತಲೂ ಇದ್ದರು. ಹೋದ ತಿಂಗಳು ಮಾತ್ರ ಒಬ್ಬ ಗಿರಾಕಿ, ನೀಲಿ ಎಂದು ಕೊಟ್ಟದ್ದು ನೇರಳೆ ಎಂದು ಚಿತ್ರ ವಾಪಸು ತಂದಿದ್ದ. ಪ್ಯಾಕ್ ಮಾಡುವಾಗ ಅದಲುಬದಲಾಗಿದೆ ಎಂದು ಮೇಷ್ಟ್ರು ತೇಲಿಸಿಬಿಟ್ಟಿದ್ದರು. ಮಾಲೀಕರ ಮಗಳು ಆಗ ಏನೂ ಅಂದಿರಲಿಲ್ಲ.

ಅತ್ತೆ ಸೊಸೆಯರ ವಿಚಾರಣೆ ಆಗಲೇ ಮುಗಿದಿತ್ತು. ಹೊಸ ಮನೆ, ಸೋಫಾದ ಹಿಂದಿನ ಗೋಡೆ, ಪಡುವಣ ಕಿಟಕಿ. ಸೊಸೆ ಸೋಫಾದ ಬಟ್ಟೆಯ ತುಂಡೊಂದನ್ನೂ ತಂದಿದ್ದಳು. ಅವಳಿಗೆ ನೀಲಿಯೇ ಬೇಕು. ಅತ್ತೆಗೆ ನೀಲಿ ಎಂದರೆ ಆಸ್ಪತ್ರೆಯಲ್ಲಿ ಕೂತ ಹಾಗಾಗುತ್ತದಂತೆ. ಗೋಡೆಯ ಬಣ್ಣಕ್ಕೆ ಒಂದು ಜಗಳ, ಪರದೆಗೆ ಒಂದು ಜಗಳ ಮುಗಿದು, ಚಿತ್ರದ ಮಟ್ಟಿಗೆ ನೀಲಿ ಮೇಷ್ಟ್ರು ಹೇಳಿದ್ದೇ ಆಗಲಿ ಎಂದು ಇಬ್ಬರೂ ರಾಜಿಯಾಗಿ ಬಂದಿದ್ದರು.

ಮೇಷ್ಟ್ರ ಮನಸ್ಸಿನಲ್ಲಿದ್ದ ಚಿತ್ರ ಮೂರು ಅಗಲವಾದ ಪಟ್ಟೆಗಳದ್ದು. ಬಣ್ಣ ಕಾಣದಿದ್ದರೇನು, ಆಕಾರ ಕಾಣುತ್ತದಲ್ಲ ಎಂದು ಧೈರ್ಯ ತಂದುಕೊಂಡು ಹುಡುಕಿದರು. ನಾಲ್ಕನೆಯ ಡ್ರಾಯರಿನಲ್ಲಿ ಸಿಕ್ಕಿತು. ಆದರೆ ಒಂದಲ್ಲ, ಮೂರು ಸಿಕ್ಕವು. ಅದೇ ಚಿತ್ರವನ್ನು ಪ್ರೆಸ್ಸಿನವರು ನೀಲಿ, ಹಸಿರು, ಕಂದು ಎಂದು ಮೂರು ಬಣ್ಣದಲ್ಲಿ ಅಚ್ಚು ಹಾಕಿದ್ದರು. ಮೊದಲು ಹಸಿರು, ಕಂದುಗಳು ಬೇರೆ ಕಪಾಟಿನಲ್ಲಿದ್ದವು, ಈಗ ಅಳತೆ ಒಂದೇ ಎಂದು ಮೂರನ್ನೂ ಒಟ್ಟಿಗೆ ಇಡಲಾಗಿತ್ತು. ಕಂದು ಯಾವುದೆಂದು ಮೇಷ್ಟ್ರಿಗೆ ತಿಳಿಯಿತು, ಅದನ್ನು ಪಕ್ಕಕ್ಕಿಟ್ಟರು. ಉಳಿದ ಎರಡು ಹಾಳೆಗಳು ಅವಳಿಜವಳಿಯಂತೆ ಮಲಗಿದ್ದವು. ತಿರುಗಿಸಿ ನೋಡಿದರೆ, ಹಿಂಬದಿಯಲ್ಲಿ ತಾವೇ ಬರೆದಿದ್ದ ಪೆನ್ಸಿಲ್ ಗುರುತಿನ ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿಯಾಗಿತ್ತು.

ಎರಡನ್ನೂ ಮೇಜಿನ ಮೇಲಿಟ್ಟು, ಆರಿಸಿಕೊಳ್ಳಿ ಎನ್ನಬಹುದಿತ್ತು. ಆದರೆ ಆರಿಸುವ ತಾಪತ್ರಯ ಬೇಡವೆಂದೇ ಆ ಇಬ್ಬರೂ ಬಂದಿದ್ದರು. ಮೇಷ್ಟ್ರು ಎರಡು ಚಿತ್ರ ತೋರಿಸುವುದನ್ನು ಗಾಜಿನ ಹಿಂದೆ ನಿಂತವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮೇಲಿನ ಹಾಳೆಯನ್ನೇ ಎತ್ತಿಕೊಂಡರು.

"ಇದು," ಎಂದು ಮೇಜಿನ ಮೇಲೆ ಹರಡಿ, ಎಂದಿನಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಇಬ್ಬರೂ ಬಾಗಿ ನೋಡಿದರು. ಸೊಸೆ ಸೋಫಾದ ಬಟ್ಟೆಯನ್ನು ಚಿತ್ರದ ಪಕ್ಕಕ್ಕಿಟ್ಟಳು, ತೆಗೆದಳು, ಇನ್ನೊಂದು ಪಕ್ಕಕ್ಕಿಟ್ಟಳು. ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಇದೂ ನೀಲಿಯಲ್ಲೇ ಬರುತ್ತಾ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

ಮೇಷ್ಟ್ರ ಮೂವತ್ತು ವರ್ಷದ ನಾಲಿಗೆ ತಾನಾಗಿ ತಿರುಗಿತು. ಅಂಗಡಿಯ ಬೆಳಕೇ ಬೇರೆ, ಸಂಜೆಯ ಬಿಸಿಲು ಬಿದ್ದಾಗ ನೋಡಬೇಕು ಎಂದು ಹೇಳಿದರು. ಅತ್ತೆಯ ಮುಖ ಅರಳಿತು. ಇಂಥ ನೀಲಿಯಾದರೆ ತನ್ನದೇನೂ ಅಭ್ಯಂತರವಿಲ್ಲ, ನೀಲಿಯಲ್ಲಿ ಇಷ್ಟು ಒಳ್ಳೆಯದೂ ಇರುತ್ತದೆಂದು ಇಷ್ಟು ದಿನ ಗೊತ್ತಿರಲಿಲ್ಲ ಎನ್ನುತ್ತ ಅವರು ಫ್ರೇಮ್ ನೋಡಲು ಆಚೆ ಗೋಡೆಯ ಕಡೆ ನಡೆದರು. ಸೊಸೆ ಬಟ್ಟೆಯ ತುಂಡನ್ನು ಚಿಕ್ಕದಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು ಎಂದಳು. ಆ ದನಿ ಮುಗಿದವರ ದನಿಯಾಗಿರಲಿಲ್ಲ.

ಮೇಷ್ಟ್ರು ಚಿತ್ರವನ್ನು ಸುರುಳಿ ಸುತ್ತಿ ಟೇಪು ಹರಿದರು. ಬೇಗ ಪ್ಯಾಕ್ ಮಾಡಿ ಕಳಿಸಿಬಿಟ್ಟರೆ ಇವತ್ತಿನ ದಿನ ಕಳೆಯುತ್ತದೆ. ನಾಳೆ ಬೇಗ ಬಂದು ಡ್ರಾಯರುಗಳನ್ನೆಲ್ಲ ಮತ್ತೆ ಬಾಯಿಪಾಠ ಮಾಡಿಕೊಳ್ಳಬಹುದು.

"ನಿಮ್ಮ ಅಂಗಿ ಬಣ್ಣದ್ದೇ ಸಿಗಬಹುದು ಅಂದ್ಕೊಂಡಿದ್ದೆ," ಎಂದಳು ಸೊಸೆ, ಅತ್ತೆಗೆ ಕೇಳಿಸದಷ್ಟು ಸಣ್ಣಗೆ. "ಬಾಗಿಲಲ್ಲಿ ನಿಮ್ಮನ್ನ ನೋಡಿದಾಗ್ಲೇ ಅನ್ನಿಸ್ತು, ನನಗೆ ಬೇಕಾಗಿರೋ ನೀಲಿ ಇದೇ ಅಂತ. ಇರ್ಲಿ ಬಿಡಿ."

ಮೇಷ್ಟ್ರು ತಲೆ ಬಗ್ಗಿಸಿ ತಮ್ಮ ಅಂಗಿ ನೋಡಿಕೊಂಡರು. ಅದು ಬೂದಿ ಬಣ್ಣದ ಅಂಗಿ. ಹೆಂಡತಿ ತಂದುಕೊಟ್ಟ ದಿನ, ಮತ್ತೆ ಬೂದಿ ಬಣ್ಣವೇ, ಬೇರೆ ಸಿಗಲಿಲ್ಲವೇ ಎಂದು ಇವರು ಕೇಳಿದ್ದರು. ಅಂಗಡಿಯಲ್ಲಿ ಇದೇ ಇತ್ತು ಎಂದು ಹೇಳಿ ಅವಳು ಒಳಗೆ ಹೋಗಿದ್ದಳು. ಆ ದಿನವೆಲ್ಲ ಹೆಚ್ಚು ಮಾತಾಡಿರಲಿಲ್ಲ. ಕೋಪ ಮಾಡಿಕೊಂಡಳು ಎಂದು ಇವರು ತಿಳಿದಿದ್ದರು. ಹೋದ ವಾರ ಮಾಲೀಕರ ಮಗಳೂ, "ನೀಲಿ ಮೇಷ್ಟ್ರು ಅಂದ್ರೆ ಹೀಗಿರ್ಬೇಕು ಮಾಮ," ಎಂದು ನಕ್ಕಿದ್ದಳು. ಯಾಕೆ ನಕ್ಕಳೆಂದು ಆಗ ಹೊಳೆದಿರಲಿಲ್ಲ.

ಬೆರಳಿಗೆ ಅಂಟಿಕೊಂಡ ಟೇಪನ್ನು ಬಿಡಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಸುರುಳಿ ಬಿಚ್ಚಿ ಚಿತ್ರವನ್ನು ಮತ್ತೆ ಮೇಜಿನ ಮೇಲೆ ಹರಡಿದರು.

"ಅಮ್ಮಾ, ಇದು ಯಾವ ಬಣ್ಣ?"

ಸೊಸೆ ಅವರ ಮುಖ ನೋಡಿದಳು, ಇದೂ ಒಂದು ಪರೀಕ್ಷೆ ಇರಬಹುದೆಂಬಂತೆ. "ಹಸಿರು," ಎಂದಳು ಅನುಮಾನಿಸುತ್ತ. "ನನಗೆ ಹಸಿರು ಥರಾನೇ ಕಾಣುತ್ತೆ. ನೀವು ನೀಲಿ ಅಂದ್ರಲ್ಲ ಅಂತ..."

"ಹಸಿರು ಅಂದ್ರೆ ಹಸಿರೇ. ನನಗೆ ನೀಲಿ ಕಾಣ್ತಿಲ್ಲ. ಎರಡು ವರ್ಷ ಆಯ್ತು."

ಹೇಳಿದ್ದು ಮೆಲ್ಲಗೇ. ಆದರೂ ಫ್ರೇಮುಗಳ ಹತ್ತಿರ ಅತ್ತೆ ತಿರುಗಿ ನೋಡಿದರು. ಗಾಜಿನ ಬಾಗಿಲು ತೆರೆದ ಸದ್ದೂ ಆಯಿತು. ಮೇಷ್ಟ್ರು ಆ ಕಡೆ ನೋಡಲಿಲ್ಲ. ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ಸೊಸೆಯ ಮುಂದೆ ಚಾಚಿದರು. ನಿಮಗೆ ಬೇಕಾದ ನೀಲಿ ಇದೇ ಆದರೆ ಇದಕ್ಕೇ ಹಿಡಿದು ನೋಡಿಕೊಳ್ಳಿ, ಪಡುವಣ ಬಿಸಿಲಿಗೆ ಇದಕ್ಕಿಂತ ಒಂದು ಪಾಲು ಗಾಢವಾದದ್ದು ತೆಗೆದುಕೊಳ್ಳಿ ಎಂದರು. ಅವಳು ಡ್ರಾಯರುಗಳಿಂದ ಒಂದೊಂದೇ ಹಾಳೆ ತೆಗೆದು ತೋಳಿನ ಪಕ್ಕ ಹಿಡಿದಳು. ಅವರು ಬಟ್ಟೆ ಅಂಗಡಿಯ ಗೊಂಬೆಯ ಹಾಗೆ ಕೈ ಚಾಚಿ ನಿಂತರು. ಮೂರು ಪಟ್ಟೆಯ ನೀಲಿ ಹಾಳೆ ಸಿಕ್ಕಾಗ ಅವಳ ಉಸಿರು ಬದಲಾದದ್ದರಿಂದಲೇ ಅವರಿಗೆ ತಿಳಿಯಿತು.

ಹಸಿರಿನದನ್ನು ಬಿಟ್ಟುಹೋಗಲು ಅತ್ತೆ ಒಪ್ಪಲಿಲ್ಲ. ಅಂಗಡಿಯವರ ಬಾಯಲ್ಲಿ ಒಮ್ಮೆ ನೀಲಿ ಅನ್ನಿಸಿಕೊಂಡಿದೆ, ಆದ್ದರಿಂದ ಮಾತಿನ ಪ್ರಕಾರ ಸೋಫಾ ಇರುವ ಹಾಲಿಗೆ ಅದೇ ಹೋಗಬೇಕು ಎಂದು ವಾದಿಸಿದರು. ಕೊನೆಗೆ ಎರಡನ್ನೂ ಕಟ್ಟಿಸಿಕೊಂಡು, ಯಾವುದು ಹಾಲಿಗೆ ಯಾವುದು ಕೋಣೆಗೆ ಎಂದು ಮೆಟ್ಟಿಲಿಳಿಯುವವರೆಗೂ ಚರ್ಚಿಸುತ್ತ ಹೋದರು.

ಅಂಗಡಿಯಲ್ಲಿ ಇಬ್ಬರೇ ಉಳಿದರು. ಮಾಲೀಕರ ಮಗಳು ತೆರೆದಿದ್ದ ಡ್ರಾಯರುಗಳನ್ನು ಒಂದೊಂದಾಗಿ ಮುಚ್ಚಿದಳು.

"ನಿಮ್ಮನ್ನ ಪರೀಕ್ಷೆ ಮಾಡೋಣ ಅಂತ ಜೋಡಿಸಿದ್ದಲ್ಲ ಮಾಮ," ಎಂದಳು. ಆಮೇಲೆ, "ಸ್ವಲ್ಪ ಅದೂ ಇತ್ತು," ಎಂದಳು.

ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಚಿಕ್ಕವಳಿದ್ದಾಗ ಇದೇ ಮೇಜಿನ ಕೆಳಗೆ ಕೂತು ಬೇಡದ ಹಾಳೆಗಳ ಮೇಲೆ ಗೀಚುತ್ತಿದ್ದಳು. ಆಗ ಪುಟ್ಟಿ ಎನ್ನುತ್ತಿದ್ದರು, ಈಗ ಮೇಡಂ ಎನ್ನುತ್ತಾರೆ. ನಾಳೆಯಿಂದ ಬರಬೇಕೋ ಬೇಡವೋ ಎಂದು ಕೇಳಲು ಎರಡರಲ್ಲಿ ಯಾವ ಹೆಸರೂ ಬಾಯಿಗೆ ಬರಲಿಲ್ಲ.

"ಕಣ್ಣು ತೋರಿಸ್ಕೊಂಡು ಬನ್ನಿ, ಆಮೇಲೆ ಮಾತಾಡೋಣ," ಎಂದಳು ಅವಳೇ. "ಅಲ್ಲಿವರೆಗೆ ಮೇಜಿನ ಹತ್ರ ನಾನು ನಿಲ್ತೀನಿ."

ಮಧ್ಯಾಹ್ನದ ಹೊತ್ತಿಗೇ ಗಂಡ ಮನೆಗೆ ಬಂದದ್ದನ್ನು ಕಂಡು ಹೆಂಡತಿ ಮಡಚುತ್ತಿದ್ದ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಎದ್ದು ನಿಂತಳು. ಮತ್ತೆ ಜ್ವರವೇ ಎಂದು ಕೇಳಿದಳು. ಮೇಷ್ಟ್ರು ಚಪ್ಪಲಿ ಕೂಡ ಬಿಚ್ಚಲಿಲ್ಲ.

"ಈ ಅಂಗಿ ಯಾವ ಬಣ್ಣ?"

"ನೀವೇ ಹೇಳಿದ್ರಲ್ಲ, ಬೂದಿ ಬಣ್ಣ ಅಂತ."

"ನಿಜ ಹೇಳು."

ಕಣ್ಣಿನ ಮಾತು ಎತ್ತಿದಾಗಲೆಲ್ಲ ಈ ಮನುಷ್ಯ ಉರಿದುಬಿದ್ದು, ಅಣ್ಣನ ಕಥೆ ತೆಗೆದು, ಊಟ ಬಿಟ್ಟು ಎದ್ದು ಹೋದದ್ದು ಅವಳಿಗೆ ನೆನಪಿತ್ತು. ಮೇಷ್ಟ್ರು ಪರ್ಸಿನಿಂದ ಚೀಟಿ ತೆಗೆದು ಅವಳ ಕೈಗಿಟ್ಟರು. ಮಡಿಕೆಗಳಲ್ಲಿ ಹರಿಯುವಂತಾಗಿದ್ದ ಅದನ್ನು ಬಿಡಿಸಿ, ಮೇಲಿದ್ದ ತಾರೀಕನ್ನು ಅವಳು ಎರಡು ಸಲ ಓದಿದಳು. ಬಯ್ಯಲಿಲ್ಲ. ಬೀರು ತೆರೆದಳು.

ಅವರ ಅಂಗಿಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಹರಡತೊಡಗಿದಳು. ಇವರು ಕಪ್ಪು ಎಂದುಕೊಂಡು ಹಾಕುತ್ತಿದ್ದದ್ದನ್ನು ಮೊದಲು ಇಟ್ಟಳು.

"ಇದು ನೀಲಿ," ಎಂದಳು.

ಮಾಸಲು ಬಿಳಿ ಎಂದುಕೊಂಡದ್ದನ್ನು ಅದರ ಪಕ್ಕ ಇಟ್ಟಳು. "ಇದೂ ನೀಲಿ. ಇದು ಹೋದ ವರ್ಷ ತಂದಿದ್ದು, ನೀಲಿ. ಇದು ಅದಕ್ಕಿಂತ ಎದ್ದು ಕಾಣೋ ನೀಲಿ. ಪ್ರತಿ ಸಲಾನೂ, ಇದನ್ನಾದ್ರೂ ನೋಡಿ ನೀಲಿ ಅಂತಾರೇನೋ, ಆಗ ನನ್ನ ಅನುಮಾನ ಸುಳ್ಳಾಗುತ್ತೆ ಅಂದ್ಕೊಂಡು ತರ್ತಿದ್ದೆ."

ಮೇಷ್ಟ್ರು ನಿಂತೇ ನೋಡಿದರು. ಕಪ್ಪು, ಮಾಸಲು ಬಿಳಿ, ಬೂದಿ, ಮತ್ತೊಂದು ಬೂದಿ. ಅವಳು ನಾಲ್ಕರ ಕಾಲರನ್ನೂ ನೇರಮಾಡಿ, ತೋಳುಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿದಳು. ಮಂಚದ ತುದಿಯಲ್ಲಿ ಇನ್ನೊಂದು ಅಂಗಿಯಷ್ಟು ಜಾಗ ಉಳಿದಿತ್ತು. ಮೇಷ್ಟ್ರು ಮೇಲಿನಿಂದ ಒಂದೊಂದೇ ಗುಂಡಿ ಬಿಚ್ಚತೊಡಗಿದರು.